ಬುತ್ತಿಗಂಟು ಮತ್ತು ಗುಟ್ಟಿನ ಗಂಟು: ಹದಿಹರೆಯದವರಿಗಾಗಿ ಕಾದಂಬರಿ ಬರೆದ ನನ್ನ ಅನುಭವ

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ಬಸುವಿನ ಗುಟ್ಟು ಬಯಲಾಗುತ್ತಿದ್ದುದು ಇಪ್ಪತ್ತನೆಯ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಅದನ್ನು ಓದುಗರಿಂದ ಬಚ್ಚಿಟ್ಟುಕೊಂಡು ಬಂದದ್ದೇ ನನ್ನ ದೊಡ್ಡ ಜಾಣತನವೆಂದು ನಾನು ತಿಳಿದಿದ್ದೆ. ಕರಡನ್ನು ಓದಿದ ನನ್ನ ವಿದ್ಯಾರ್ಥಿನಿಯೊಬ್ಬಳು ಕಟ್ಟನ್ನು ಮೇಜಿನ ಮೇಲಿಟ್ಟು, "ಆತನ ಗುಟ್ಟು ನಮಗ ಮೂರನೇ ಅಧ್ಯಾಯದಾಗನ ಗೊತ್ತಾತ್ರಿ ಮೇಡಂ. ಆಮ್ಯಾಲೆ ನೀವು ಯಾವಾಗ ಹೇಳ್ತೀರಿ ಅಂತ ಕಾಯೋದನ ಆತು" ಎಂದಳು. ಹದಿನೇಳು ಅಧ್ಯಾಯಗಳ ಕಾಲ ಒಬ್ಬ ಓದುಗಳನ್ನು ಬಾಗಿಲಲ್ಲಿ ನಿಲ್ಲಿಸಿದ್ದೆನೆಂದು ತಿಳಿದಾಗ ಆದ ನಾಚಿಕೆಯಿಂದಲೇ ಎರಡನೆಯ ಕರಡು ಹುಟ್ಟಿತು.

ನಾನು ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸುವವಳು. ಸಪ್ತಾಪುರದ ಓಣಿಗಳಲ್ಲಿ ನಡೆಯುವಾಗ ಕೋಚಿಂಗ್ ಕ್ಲಾಸಿನ ಫಲಕಗಳು, ಪಿಜಿಗಳು, ಖಾನಾವಳಿಗಳು, ಜೆರಾಕ್ಸ್ ಅಂಗಡಿಗಳು ಒಂದಕ್ಕೊಂದು ಆತುಕೊಂಡು ನಿಂತಿರುವುದನ್ನು ದಿನವೂ ನೋಡುತ್ತೇನೆ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಹದಿನಾರು, ಹದಿನೇಳು ವರ್ಷದ ಮಕ್ಕಳು ಮೊದಲ ಸಲ ಮನೆ ಬಿಟ್ಟು ಬಂದು ಸೇರುವುದು ಇಲ್ಲಿಯೇ. ಕಾದಂಬರಿಯ ಮೊದಲ ಚಿತ್ರ ನನಗೆ ಸಿಕ್ಕದ್ದು ಬಸ್ ನಿಲ್ದಾಣದಲ್ಲಿ. ಊರಿನಿಂದ ಕಂಡಕ್ಟರನ ಕೈಯಲ್ಲಿ ಬಂದಿದ್ದ ಒಂದು ಬುತ್ತಿಗಂಟು, ಒಯ್ಯುವವರು ಯಾರೂ ಬಾರದೆ, ಬಸ್ಸಿನ ಮುಂದಿನ ಸೀಟಿನಲ್ಲಿಯೇ ಕುಳಿತಿತ್ತು. ಅವ್ವ ನಸುಕಿನಲ್ಲಿ ಎದ್ದು ಬಡಿದ ರೊಟ್ಟಿಯನ್ನು ಒಯ್ಯಲು ಬಾರದ ಹುಡುಗ ಎಲ್ಲಿ ಹೋಗಿರಬಹುದು ಎಂಬ ಪ್ರಶ್ನೆಯೇ ಕಥೆಯಾಯಿತು. ಬಸು ರೋಣ ತಾಲೂಕಿನ ಎರೆನೆಲದ ರೈತನ ಮಗ. ಅಪ್ಪ ಹೊಲ ಅಡವಿಟ್ಟು ನೀಟ್ ಕೋಚಿಂಗಿಗೆ ಹಚ್ಚಿದ್ದಾನೆ. ಹುಡುಗ ಎರಡು ತಿಂಗಳಿನಿಂದ ಕ್ಲಾಸಿಗೆ ಹೋಗಿಲ್ಲ. ಪ್ರತಿ ಸಂಜೆ ಊರಿಗೆ ಫೋನ್ ಮಾಡಿ ಹೋಗಿದ್ದೆನೆಂದು ಹೇಳುತ್ತಾನೆ. ಇದನ್ನು ಬಲ್ಲವನು ಒಬ್ಬನೇ, ಕೋಣೆಯ ಜೊತೆಗಾರ, ಸವಣೂರಿನ ದರ್ಜಿಯ ಮಗ ರಫೀಕ.

ಕನ್ನಡದಲ್ಲಿ ಚಿಕ್ಕ ಮಕ್ಕಳಿಗೆ ಪದ್ಯ, ಕಥೆ, ನಾಟಕಗಳ ಕೊರತೆಯಿಲ್ಲ, ದೊಡ್ಡವರ ಕಾದಂಬರಿಗಳಿಗಂತೂ ಬರವೇ ಇಲ್ಲ. ನಡುವಿನ ನಾಲ್ಕೈದು ವರ್ಷಗಳ ಓದುಗರಿಗೆ ಏನು ಕೊಡಬೇಕೆಂದು ಕೇಳಿದರೆ ನನ್ನಂಥ ಮೇಷ್ಟರುಗಳು ತಲೆ ಕೆರೆದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಈ ಬಗೆಯ ಬರವಣಿಗೆಗೆ ದಾರಿ ಮಾಡಿಕೊಟ್ಟ 'ದಿ ಔಟ್‌ಸೈಡರ್ಸ್' ಅನ್ನು ಅಮೆರಿಕದ ಎಸ್. ಇ. ಹಿಂಟನ್ ಹದಿನೈದು ವರ್ಷದವಳಿದ್ದಾಗ ಬರೆಯತೊಡಗಿದಳು. 1967ರಲ್ಲಿ ಅದು ಅಚ್ಚಾದಾಗ ಆಕೆಗೆ ಹದಿನೆಂಟು. ನನಗೆ ನಲವತ್ತಾರು. ಆಕೆ ಸುತ್ತ ನೋಡಿ ಬರೆದದ್ದನ್ನು ನಾನು ಕೇಳಿ, ಓದಿಸಿ, ತಿದ್ದಿಸಿಕೊಂಡು ಬರೆಯಬೇಕಾಗಿತ್ತು. ಹಾಗಾಗಿ ಮನೆಯವರಿಗೆ ತಿಳಿಸಿ ಮೂವರು ವಿದ್ಯಾರ್ಥಿಗಳಿಗೆ ಕರಡು ಕೊಟ್ಟೆ. ಒಂದು ನೇಮವನ್ನು ಮಾತ್ರ ನನಗೆ ನಾನೇ ಹಾಕಿಕೊಂಡಿದ್ದೆ: ಯಾವ ವಿದ್ಯಾರ್ಥಿಯೂ ನನ್ನಲ್ಲಿ ನಂಬಿ ಹೇಳಿದ ಮಾತು ಪುಸ್ತಕಕ್ಕೆ ಹೋಗಕೂಡದು. ಬರೆಯುವವರಿಗೆ ಇದು ಕಷ್ಟದ ನೇಮ, ಏಕೆಂದರೆ ಕೇಳಿದ್ದರಲ್ಲಿ ಚೆನ್ನಾಗಿರುವುದೆಲ್ಲ ಹಾಗೆ ನಂಬಿ ಹೇಳಿದ್ದೇ ಆಗಿರುತ್ತದೆ.

ಎರಡನೆಯ ಕರಡಿನಲ್ಲಿ ಗುಟ್ಟನ್ನು ಎರಡನೆಯ ಅಧ್ಯಾಯದಲ್ಲಿಯೇ ಹೇಳಿಬಿಟ್ಟೆ, ಕಥೆ ಹೇಳುವ ಬಾಯನ್ನು ಬಸುವಿನಿಂದ ಕಿತ್ತು ರಫೀಕನಿಗೆ ಕೊಟ್ಟೆ. ಬದಲಾದದ್ದು ಇಷ್ಟೇ ಆದರೂ ಕಾದಂಬರಿಯ ಭಾರವೆಲ್ಲ ಒಂದು ಹೆಗಲಿನಿಂದ ಇನ್ನೊಂದಕ್ಕೆ ಹೋಯಿತು. ಗುಟ್ಟು ಉಳ್ಳವನಿಗಿಂತ ಅದನ್ನು ಕಾಯುವವನ ದಿನಗಳಲ್ಲಿ ಹೆಚ್ಚು ಕಥೆಯಿರುತ್ತದೆ ಎಂಬುದು ಬರೆಯುತ್ತ ಬರೆಯುತ್ತ ನನಗೆ ಕಂಡಿತು. ಬುತ್ತಿ ತರಲು ಬಸು ಹೋಗುವುದಿಲ್ಲವೆಂದು ರಫೀಕನೇ ಹೋಗುತ್ತಾನೆ; ಕಂಡಕ್ಟರ್ ಅವನನ್ನೇ ಬಸು ಎಂದು ತಿಳಿದು ಊರಿನ ಸುದ್ದಿ ಹೇಳುತ್ತಾನೆ, ಇವನು ತಲೆಯಾಡಿಸುತ್ತಾನೆ. ಬಸು ಮುಸುಕು ಹಾಕಿ ಮಲಗಿದಾಗ ಫೋನ್ ಎತ್ತಿದರೆ ಆ ಕಡೆಯಿಂದ ಅವನ ಅವ್ವ, "ಬಸ್ಯಾ ಉಂಡಾನೇನ ಯಪ್ಪಾ?" ಎಂದು ಕೇಳುತ್ತಾಳೆ. ಉಂಡಿದ್ದಾನೆ ಎಂಬ ಒಂದು ಸಣ್ಣ ಸುಳ್ಳಿಗೆ ಮರುದಿನ ಎರಡು ಸುಳ್ಳು ಸೇರುತ್ತವೆ. ಆ ಅವ್ವ ಕಳಿಸಿದ ಶೇಂಗಾ ಚಟ್ನಿಯನ್ನು ತಿನ್ನುವಾಗ ಅವನಿಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ, ಆದರೂ ಹಸಿವೆಗೆ ತಿನ್ನುತ್ತಾನೆ.

ಇದೆಲ್ಲ ಬರೆದ ಮೇಲೂ ರಫೀಕ ಬಹಳ ಒಳ್ಳೆಯವನಾಗಿ ಕಾಣುತ್ತಿದ್ದ. ಪುಸ್ತಕದಲ್ಲಿ ಅಷ್ಟು ಒಳ್ಳೆಯ ಹುಡುಗರನ್ನು ಹದಿನಾರರ ಓದುಗರು ನಂಬುವುದಿಲ್ಲ. ಆಗ ಬಾಡಿಗೆಯ ಲೆಕ್ಕ ತಂದೆ. ಕೋಣೆಯ ಬಾಡಿಗೆಯನ್ನು ಇಬ್ಬರೂ ಅರ್ಧರ್ಧ ಕೊಡುತ್ತಾರೆ. ಗುಟ್ಟು ಹೊರಬಿದ್ದು ಬಸುವನ್ನು ಊರಿಗೆ ಕರೆದೊಯ್ದರೆ ರಫೀಕನೊಬ್ಬನಿಗೆ ಆ ಕೋಣೆ ನಿಲುಕುವುದಿಲ್ಲ. ತಾನು ಬಾಯಿ ಮುಚ್ಚಿಕೊಂಡಿರುವುದು ಗೆಳೆಯನಿಗಾಗಿಯೋ ಬಾಡಿಗೆಗಾಗಿಯೋ ಎಂದು ಅವನಿಗೇ ತಿಳಿಯದಾದಾಗ, ಅದುವರೆಗೆ ಸಾಕ್ಷಿಯಂತಿದ್ದ ಪಾತ್ರ ಮನುಷ್ಯನಾಯಿತು.

ನಾನು ಪೂರ್ತಿ ಎಡವಿದ್ದು ಬೇರೊಂದು ಕಡೆ. ಓದಿದ ಹುಡುಗರಲ್ಲೊಬ್ಬ ನಗುತ್ತ, "ಕ್ಲಾಸಿಗೆ ಹೋಗಲಿಲ್ಲಂದ್ರ ಅವತ್ತ ಮನೀಗೆ ಮೆಸೇಜ್ ಹೋಗತೈತ್ರಿ ಮೇಡಂ. ಎರಡು ತಿಂಗಳು ಹೆಂಗ ಮುಚ್ಚಿಟ್ಟಾನ?" ಎಂದ. ಇಡೀ ಕಾದಂಬರಿ ನಿಂತಿದ್ದ ನೆಲವೇ ಕುಸಿದಂತಾಯಿತು. ದಾರಿ ತೋರಿಸಿದವನೂ ಅವನೇ: ಪ್ರವೇಶದ ಅರ್ಜಿಯಲ್ಲಿ ಅಪ್ಪನ ನಂಬರಿನ ಜಾಗದಲ್ಲಿ ತನ್ನದೇ ಎರಡನೆಯ ಸಿಮ್ಮಿನ ನಂಬರು ಬರೆದರಾಯಿತು. ಈ ಉಪಾಯ ಅವನಿಗೆ ಅಷ್ಟು ಬೇಗ ಹೊಳೆದದ್ದು ಹೇಗೆಂದು ನಾನು ಕೇಳಲಿಲ್ಲ. ಆದರೆ ಆ ಸಿಮ್ಮು ಕಥೆಗೆ ಬಹಳ ಉಪಕಾರ ಮಾಡಿತು. ಬಸುವಿಗೆ ಓದು ತಲೆಗೆ ಹತ್ತದಂತಾದದ್ದು ಆಮೇಲೆ. ಅರ್ಜಿ ತುಂಬಿದ ದಿನವೇ ಅವನಿಗೆ ಇಲ್ಲಿ ತನ್ನಿಂದ ಆಗುವುದಿಲ್ಲವೆಂಬ ಅಂಜಿಕೆಯಿತ್ತು ಎಂಬುದನ್ನು ಒಂದು ಮಾತೂ ಆಡದೆ ಆ ನಂಬರೇ ಹೇಳಿತು.

ಮೊದಲ ಯೋಜನೆಯಲ್ಲಿ ಮಲ್ಲಿಕಾ ಎಂಬ ಹುಡುಗಿಯದೂ ಒಂದು ಗುಟ್ಟಿತ್ತು. ಸಂಬಂಧಿಯೊಬ್ಬನಿಂದ ಆಕೆಗೆ ಆದ ಲೈಂಗಿಕ ಕಿರುಕುಳವನ್ನು ಪ್ರೀತಿಯ ಶಿಕ್ಷಕಿಯೊಬ್ಬಳು 'ಸದ್ದಿಲ್ಲದೆ' ಬಗೆಹರಿಸುವಂತೆ ಬರೆದಿದ್ದೆ. ಅನುಮಾನ ಬಂದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯನ್ನು ಓದಿದೆ. ಇಂಥದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಕಲಮು ಹೇಳುತ್ತದೆ, ತಿಳಿಸದಿದ್ದರೆ 21ನೆಯ ಕಲಮಿನಲ್ಲಿ ಶಿಕ್ಷೆಯಿದೆ. ಆ ಶಿಕ್ಷೆ ಮಕ್ಕಳಿಗೆ ಅನ್ವಯಿಸುವುದಿಲ್ಲ ಎಂದೂ ಅಲ್ಲಿಯೇ ಇದೆ. ಅಂದರೆ ಗುಟ್ಟು ಕಾಯ್ದ ಗೆಳತಿ ತಪ್ಪಿತಸ್ಥಳಲ್ಲ, ನಾನು ಅಷ್ಟು ಅಕ್ಕರೆಯಿಂದ ಬರೆದಿದ್ದ ಶಿಕ್ಷಕಿ ಅಪರಾಧಿ. ಆ ಗುಟ್ಟನ್ನು ಅದರ ತೂಕಕ್ಕೆ ತಕ್ಕಂತೆ ಬರೆಯಲು ಇನ್ನೊಂದು ಕಾದಂಬರಿಯೇ ಬೇಕೆಂದು ಅನಿಸಿ ಮಲ್ಲಿಕಾಳನ್ನು ತೆಗೆದೆ. ಈ ವಯಸ್ಸಿನವರಿಗೆ ಬರೆಯುವವರು ಕಾಯ್ದೆಯ ನಾಲ್ಕು ಪುಟ ಓದದೆ ಇಂಥ ಪಾತ್ರ ಕಟ್ಟುವುದು ನನ್ನ ಮಟ್ಟಿಗೆ ಬೇಜವಾಬ್ದಾರಿ.

ಭಾಷೆಯ ವಿಷಯದಲ್ಲಿ ಹೆಚ್ಚು ಗುದ್ದಾಡಲಿಲ್ಲ. ಮಾತುಗಳೆಲ್ಲ ಧಾರವಾಡದ ಕಡೆಯ ಆಡುಮಾತಿನಲ್ಲಿವೆ, ನಿರೂಪಣೆ ಮಾತ್ರ ಬರಹದ ಕನ್ನಡದಲ್ಲಿದೆ. ಸವಣೂರಿನ ರಫೀಕ ಸಿಟ್ಟು ಬಂದಾಗ ಮನೆಯ ಉರ್ದುವಿಗೆ ಹೊರಳುತ್ತಾನೆ. 'ಲೇ' ಎಂಬುದನ್ನು ಪುಟಕ್ಕೆ ನಾಲ್ಕು ಸಲ ಬಳಸಿದ್ದನ್ನು ಒಂದಕ್ಕೆ ಇಳಿಸಿದೆ, ಅಷ್ಟೇ.

ಬಹಳ ದಿನ ಕೈಯಲ್ಲಿಟ್ಟುಕೊಂಡು ಕುಳಿತದ್ದು ಹದಿನಾಲ್ಕನೆಯ ಅಧ್ಯಾಯವನ್ನು. ಆ ರಾತ್ರಿ ಬಸು ತನಗೆ ಬದುಕುವುದು ಬೇಡವಾಗಿದೆ ಎನ್ನುತ್ತಾನೆ, ಯಾರಿಗೂ ಹೇಳುವುದಿಲ್ಲವೆಂದು ರಫೀಕನ ಕೈಯಲ್ಲಿ ಆಣೆ ಇಡಿಸಿಕೊಳ್ಳುತ್ತಾನೆ. ಮೊದಲ ಕರಡಿನಲ್ಲಿ ಅವನು ಕೆಲಗೇರಿ ಕೆರೆಯ ದಂಡೆಗೆ ಹೋಗಿ ಕುಳಿತಿದ್ದ. ನಿಜವಾದ ಜಾಗದ ಹೆಸರನ್ನೂ, ಏನು ಮಾಡಿಕೊಳ್ಳಬೇಕೆಂದಿದ್ದ ಎಂಬ ವಿವರವನ್ನೂ ಹೊಡೆದುಹಾಕಿದೆ. ಸಾವಿನ ಬಗೆಯನ್ನೂ ಸ್ಥಳವನ್ನೂ ಬಣ್ಣಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ಹೇಳಿರುವುದು ಕಾದಂಬರಿಕಾರರಿಗೂ ಸಲ್ಲುತ್ತದೆ. ಅದೇ ಸ್ಥಿತಿಯಲ್ಲಿರುವ ಓದುಗನೊಬ್ಬನ ಕೈಗೆ ಪುಸ್ತಕ ಹೋಗಬಹುದಲ್ಲವೇ? ಈಗ ಆ ಅಧ್ಯಾಯ ಪೂರ್ತಿ ಕೋಣೆಯೊಳಗೇ ನಡೆಯುತ್ತದೆ, ಫ್ಯಾನಿನ ಸದ್ದು ಮತ್ತು ಇಬ್ಬರ ಮಾತು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ.

ಬೆಳಗಾಗುವ ಮೊದಲು ರಫೀಕ ಆಣೆ ಮುರಿಯುತ್ತಾನೆ. ಅವನು ಯಾರಿಗೆ ಹೇಳಬೇಕೆಂಬುದೇ ನನಗೆ ತಲೆನೋವಾಯಿತು. ಜಾಣ ಶಿಕ್ಷಕಿಯೊಬ್ಬಳನ್ನು ತರುವ ಆಸೆ ನನಗೂ ಇತ್ತು, ಅದು ನನ್ನನ್ನೇ ನಾನು ಹೊಗಳಿಕೊಂಡಂತೆ ಎಂದು ಬಿಟ್ಟೆ. ಅವನು ಕಾಲೇಜಿನ ಗೋಡೆಯ ಮೇಲೆ ನೋಡಿದ್ದ 14416ಕ್ಕೆ ಫೋನ್ ಮಾಡುತ್ತಾನೆ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಅಲ್ಲಿಯ ದನಿಯ ಮಾತಿನಂತೆ ಬಸುವಿನ ಅಪ್ಪನಿಗೂ ತಿಳಿಸಿ, ಬೆಳಿಗ್ಗೆ ಗೆಳೆಯನನ್ನು ಧಾರವಾಡದ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸಿಗೆ ಕರೆದೊಯ್ಯುತ್ತಾನೆ. ನಮ್ಮ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಎಂದು ನಗುವ ರೂಢಿಯಿದೆ. ಧಾರವಾಡದಲ್ಲಿಯೇ ಇರುವ ಹುಡುಗನಿಗೆ ಆ ಗೇಟು ದಾಟುವುದು ಎಂಥ ಕಷ್ಟವೆಂಬುದನ್ನು ಬರೆಯಲು ಆ ಹಳೆಯ ಹಾಸ್ಯವೇ ಸಾಕಾಯಿತು. "ಪೊಲೀಸ್ ಕೇಸ್ ಆಗತೈತಿ, ನಮ್ಮ ಪಿಜಿ ಹೆಸರು ಹೇಳಬ್ಯಾಡ" ಎನ್ನುವ ಪಿಜಿ ಮಾಲೀಕನ ಮಾತನ್ನು ಉಳಿಸಿಕೊಂಡೆ, ಏಕೆಂದರೆ ಜನ ಇನ್ನೂ ಹಾಗೆಯೇ ಹೆದರಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಯಿಂದ ದೂರವಿಟ್ಟಿದೆ. ಅದನ್ನು ವೈದ್ಯರ ಬಾಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿಸಿದೆ, ಭಾಷಣ ಮಾಡಿಸಲಿಲ್ಲ.

ಕೊನೆಯಲ್ಲಿ ಬಸು ಮರುವರ್ಷ ಒಳ್ಳೆಯ ಅಂಕ ತೆಗೆಯುವ ಒಂದು ಪುಟವಿತ್ತು. ಅದನ್ನು ಹರಿದೆ. ಅದು ಇದ್ದರೆ ಅಂಕವೇ ಬದುಕಿನ ಬೆಲೆಯೆಂದು ಅವನ ಊರವರ ಹಾಗೆ ನಾನೂ ಒಪ್ಪಿದಂತಾಗುತ್ತಿತ್ತು. ಗೆಳೆಯರಿಬ್ಬರ ರಾಜಿಯ ಬಗ್ಗೆ ಮಾತ್ರ ಮೊದಲು ಹೇಳಿದ ವಿದ್ಯಾರ್ಥಿನಿಗೂ ನನಗೂ ವಾದ ನಡೆಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿಯೇ ಬಸು ರಫೀಕನ ಕೈ ಹಿಡಿಯುವಂತೆ ನಾನು ಬರೆದಿದ್ದೆ. "ಅಷ್ಟು ಲಗೂನ ಯಾರೂ ಮಾಫ್ ಮಾಡಂಗಿಲ್ರಿ ಮೇಡಂ, ನಾ ಆಗಿದ್ರ ವರ್ಷ ಮಾತಾಡತಿದ್ದಿಲ್ಲ" ಎಂದಳು. ಪ್ರಾಣ ಉಳಿಸಿದವನ ಮೇಲೂ ಅಷ್ಟು ಸಿಟ್ಟೇ ಎಂದರೆ, ಉಳಿಸಿದ್ದಕ್ಕಲ್ಲ, ಆಣೆ ಮುರಿದದ್ದಕ್ಕೆ ಎಂದಳು. ವರ್ಷಕ್ಕೆ ನಾನು ಒಪ್ಪಲಿಲ್ಲ. ಈಗಿನ ಕರಡಿನಲ್ಲಿ ಬಸು ಊರಿಗೆ ಹೋದ ಮೇಲೆ ಹನ್ನೊಂದು ದಿನ ಇಬ್ಬರ ನಡುವೆ ಮಾತಿಲ್ಲ, ಮೆಸೇಜೂ ಇಲ್ಲ. ಹನ್ನೆರಡನೆಯ ದಿನ ಬಸ್ ನಿಲ್ದಾಣದಿಂದ ಕಂಡಕ್ಟರ್ ಫೋನ್ ಮಾಡುತ್ತಾನೆ. ರೋಣದ ಬಸ್ಸಿನಲ್ಲಿ ರಫೀಕನ ಹೆಸರಿಗೆ ಒಂದು ಬುತ್ತಿ ಬಂದಿದೆ. ಅದನ್ನು ಕಳಿಸಿದ್ದು ಬಸುವೋ ಅವನ ಅವ್ವನೋ ಎಂದು ನಾನು ಬರೆದಿಲ್ಲ. ಆ ವಿದ್ಯಾರ್ಥಿನಿ ಇನ್ನೂ ಕೇಳುತ್ತಲೇ ಇದ್ದಾಳೆ.