ಈ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತೆ? ನಾನು ಲೆಕ್ಕ ಹಾಕುವ ಬಗೆ

ಸಿಇಟಿ ಫಲಿತಾಂಶ ಬಂದ ಮಾರನೆಯ ದಿನದಿಂದ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಒಂದೇ ಪ್ರಶ್ನೆ: "ಮೇಡಂ, ಇಷ್ಟು ರ‍್ಯಾಂಕ್ ಬಂದಿದೆ, ಯಾವ ಕಾಲೇಜು ಸಿಗುತ್ತೆ?" ಹಾಸನದಲ್ಲಿ ಪಿಯು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಅರಕಲಗೂಡು, ಆಲೂರು, ಬೇಲೂರು, ಸಕಲೇಶಪುರದ ಕಡೆಯಿಂದ ಬಸ್ಸಿಗೆ ಬಂದು ಓದುವ ಮಕ್ಕಳೇ ನಮ್ಮಲ್ಲಿ ಹೆಚ್ಚು. ಅವರ ಮನೆಗಳಲ್ಲಿ ಎಂಜಿನಿಯರಿಂಗ್ ಓದಿದವರು ಇರುವುದು ಅಪರೂಪ. ಹಾಗಾಗಿ ಆಪ್ಶನ್ ಎಂಟ್ರಿಯ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ) ಹೊತ್ತಿಗೆ ಅವರ ಜೊತೆ ಕೂರುವುದು ಹಲವು ವರ್ಷಗಳಿಂದ ನನ್ನ ಕೆಲಸದ ಭಾಗವೇ ಆಗಿದೆ. ಅದನ್ನು ಹೇಗೆ ಮಾಡುತ್ತೇನೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಉಪನ್ಯಾಸಕರಿಗೂ, ತಾವೇ ಕೂತು ಲೆಕ್ಕ ಹಾಕಲು ಹೊರಟ ಅಪ್ಪ ಅಮ್ಮಂದಿರಿಗೂ ಉಪಯೋಗವಾದರೆ ಸಂತೋಷ.

ನಾನು ಮೊದಲು ನೋಡುವುದು ರ‍್ಯಾಂಕನ್ನಲ್ಲ, ಆ ಮಗುವಿಗೆ ಯಾವ ಯಾವ ಕಾಲಂ ಅನ್ವಯಿಸುತ್ತದೆ ಎಂಬುದನ್ನು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ಸುತ್ತಿನ ನಂತರ ಕಟ್‌ಆಫ್ ಪಟ್ಟಿ (ಯಾವ ರ‍್ಯಾಂಕಿನವರೆಗೆ ಸೀಟು ಹೋಯಿತು ಎಂಬುದು) ಹಾಕುತ್ತದೆ. ಅದರಲ್ಲಿ ಒಂದೊಂದು ಬ್ರಾಂಚಿನ ಎದುರಿಗೂ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂದು ಸಾಲಾಗಿ ಕಾಲಂಗಳಿರುತ್ತವೆ. ಜಿಎಂ ಎಂದರೆ ಜನರಲ್ ಮೆರಿಟ್, ಎಲ್ಲರಿಗೂ ತೆರೆದದ್ದು. 2ಎ, 3ಎ ಎಂಬುವು ಹಿಂದುಳಿದ ವರ್ಗಗಳ ಮೀಸಲಾತಿ ಗುಂಪುಗಳು. ಕೊನೆಯ ಅಕ್ಷರ 'ಜಿ' ಇದ್ದರೆ ಆ ವರ್ಗದ ಸಾಮಾನ್ಯ ಸೀಟು, 'ಕೆ' ಇದ್ದರೆ ಕನ್ನಡ ಮಾಧ್ಯಮ, 'ಆರ್' ಇದ್ದರೆ ಗ್ರಾಮೀಣ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 15 ಸೀಟು ಆಯಾ ವರ್ಗದೊಳಗೇ ಮೀಸಲು. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ 3ಎ ವರ್ಗದ ಹುಡುಗಿಗೆ ಜಿಎಂ, ಜಿಎಂಆರ್, ಜಿಎಂಕೆ, 3ಎಜಿ, 3ಎಆರ್, 3ಎಕೆ ಎಂಬ ಆರು ಕಾಲಂಗಳಲ್ಲಿ ಯಾವುದರಲ್ಲಿ ಬೇಕಾದರೂ ಸೀಟು ಬರಬಹುದು. ಅಪ್ಪಂದಿರು ನೋಡಿಕೊಂಡು ಬಂದಿರುವುದು ಮಾತ್ರ ಜಿಎಂ ಒಂದನ್ನೇ, ಇಲ್ಲವೇ 3ಎಜಿ ಒಂದನ್ನೇ.

ಇಲ್ಲಿ ನಮ್ಮ ಜಿಲ್ಲೆಯವರು ಗಮನಿಸಬೇಕಾದ ವಿಷಯ ಒಂದಿದೆ. ನಾನು ನೋಡಿದ ಪಟ್ಟಿಗಳಲ್ಲಿ ಬೇಡಿಕೆ ಇರುವ ಬ್ರಾಂಚುಗಳಲ್ಲಿ 3ಎಜಿ ಮತ್ತು ಜಿಎಂ ಕಟ್‌ಆಫ್ ಅಕ್ಕಪಕ್ಕದಲ್ಲೇ ಇರುತ್ತವೆ. "ನಮಗೆ ಕೆಟಗರಿ ಇದೆ" ಎಂಬ ಧೈರ್ಯಕ್ಕೆ ಅಲ್ಲಿ ಹೆಚ್ಚು ಆಧಾರವಿಲ್ಲ. ವ್ಯತ್ಯಾಸ ಕಾಣುವುದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಕಾಲಂಗಳಲ್ಲಿ. ಆದರೆ ಆ ಹಕ್ಕು ಮನೆ ಎಲ್ಲಿದೆ ಎಂಬುದರ ಮೇಲಲ್ಲ, ಶಾಲೆ ಎಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಹಳ್ಳಿಯಲ್ಲೇ ಹುಟ್ಟಿ ಬೆಳೆದು, ಐದನೇ ತರಗತಿಯಿಂದ ಸ್ಕೂಲ್ ವ್ಯಾನಿನಲ್ಲಿ ಹಾಸನದ ಇಂಗ್ಲಿಷ್ ಮೀಡಿಯಂಗೆ ಬಂದವರಿಗೆ ಎರಡೂ ಇಲ್ಲ. ಇದನ್ನು ಕೇಳಿದಾಗ ತಂದೆಯ ಮುಖ ಸಣ್ಣದಾಗುತ್ತದೆ. ಆದರೂ ಮೊದಲೇ ಹೇಳಿಬಿಡಬೇಕು.

ಕಳೆದ ಸಲ ಅರಕಲಗೂಡು ಕಡೆಯ ಒಬ್ಬ ರೈತರು ಮಗಳ ಜೊತೆ ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು: ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ, ಸೀಲು. ಹುಡುಗಿಯ ಸಿಇಟಿ ಅರ್ಜಿಯ ಪ್ರಿಂಟ್ ಕೇಳಿದೆ. ಗ್ರಾಮೀಣ, ಕನ್ನಡ ಮಾಧ್ಯಮ ಎರಡರ ಎದುರಿಗೂ 'ಹೌದು' ಇತ್ತು. ಅರ್ಜಿ ತುಂಬಿದವರು ಯಾರು ಅಂತ ಕೇಳಿದರೆ "ನಾನೇ ಮೇಡಂ, ಸೈಬರ್ ಸೆಂಟರ್‌ನೋರು ಬೇಗ ಬೇಗ ಒತ್ತಿಬಿಡ್ತಾರೆ ಅಂತ ಪಕ್ಕದಲ್ಲೇ ಕೂತು ಒಂದೊಂದೂ ನೋಡಿ ತುಂಬಿಸಿದೆ" ಅಂದಳು. ಆ ಎರಡು 'ಹೌದು' ಅವಳ ಸಾಧ್ಯತೆಯನ್ನು ಬದಲಾಯಿಸಿದಷ್ಟು ನನ್ನ ಯಾವ ಲೆಕ್ಕವೂ ಬದಲಾಯಿಸಲಾರದು. ಅರ್ಜಿಯಲ್ಲಿ ಕ್ಲೇಮ್ ಮಾಡದೆ ಆಮೇಲೆ ಪ್ರಮಾಣಪತ್ರ ಹಿಡಿದು ಬಂದರೆ ನಾನು ಮಾಡಬಹುದಾದದ್ದು ತೀರಾ ಕಡಿಮೆ.

ಇನ್ನು ಕಟ್‌ಆಫ್ ಓದುವ ವಿಚಾರ. ಕಟ್‌ಆಫ್ ಎಂದರೆ ಆ ಕಾಲಂನಲ್ಲಿ ಕೊನೆಯದಾಗಿ ಸೀಟು ಪಡೆದವರ ರ‍್ಯಾಂಕ್, ಅಷ್ಟೆ. ಅದರ ಹಿಂದೆ ಎಷ್ಟು ಸೀಟು ಇದ್ದವು ಎಂಬುದನ್ನು ಪಟ್ಟಿ ಹೇಳುವುದಿಲ್ಲ, ನಾವೇ ಲೆಕ್ಕ ಹಾಕಬೇಕು. ಖಾಸಗಿ ಅನುದಾನರಹಿತ ಕಾಲೇಜಿನಲ್ಲಿ 60 ಸೀಟಿನ ಬ್ರಾಂಚ್ ಇದೆ ಎನ್ನಿ. ಸಾಮಾನ್ಯವಾಗಿ ಶೇ 45 ಸಿಇಟಿಗೆ, ಅಂದರೆ 27 ಸೀಟು. ಉಳಿದವು ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ) ಮತ್ತು ಮ್ಯಾನೇಜ್‌ಮೆಂಟ್ ಪಾಲು. 3ಎಗೆ ಇರುವುದು ಶೇ 4. ಇಪ್ಪತ್ತೇಳರಲ್ಲಿ ಶೇ 4 ಎಂದರೆ ಒಂದು ಸೀಟು! ಆ ಕಾಲಂನ ಕಟ್‌ಆಫ್ ಎನ್ನುವುದು ಹಾಗಾದರೆ ಹೋದ ವರ್ಷ ಆ ಸೀಟು ಹಿಡಿದ ಒಂದೇ ಮಗುವಿನ ರ‍್ಯಾಂಕ್. ಮುಂದಿನ ವರ್ಷ ಅಲ್ಲಿಗೆ ಯಾರು ಬರುತ್ತಾರೋ ಯಾರಿಗೆ ಗೊತ್ತು? ಅದೇ ಬ್ರಾಂಚಿನ ಜಿಎಂ ಕಾಲಂನಲ್ಲಿ ಸುಮಾರು ಹತ್ತು ಸೀಟು ಇರುತ್ತವೆ, ಆ ಕಟ್‌ಆಫ್ ವರ್ಷದಿಂದ ವರ್ಷಕ್ಕೆ ಅಷ್ಟು ಕುಣಿಯುವುದಿಲ್ಲ. ನಮ್ಮ ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಬೆಂಗಳೂರಿನ ಯುವಿಸಿಇಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಸೀಟುಗಳ ಬಹುಪಾಲು ಸಿಇಟಿಗೇ ಹೋಗುವುದರಿಂದ ಸಣ್ಣ ಕಾಲಂಗಳಲ್ಲೂ ಒಂದೆರಡು ಹೆಚ್ಚು ಸೀಟು ಇರುತ್ತವೆ. ಹಾಗಾಗಿ ಕಾಲಂ ಸಣ್ಣದಾದಷ್ಟೂ ನನ್ನ ಮಾತೂ ಸಡಿಲವಾಗುತ್ತದೆ. 3ಎಕೆಯಲ್ಲಿ "ಖಂಡಿತ ಸಿಗುತ್ತೆ" ಎಂದು ನಾನು ಯಾರಿಗೂ ಹೇಳುವುದಿಲ್ಲ.

ಮೂರು ವರ್ಷದ ಕೊನೆಯ ಸುತ್ತಿನ ಕಟ್‌ಆಫ್ ಅಕ್ಕಪಕ್ಕ ಬರೆದುಕೊಳ್ಳುತ್ತೇನೆ. ಮೊದಲ ಸುತ್ತಿನದನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಐಐಟಿಗೋ ಸುರತ್ಕಲ್ಲಿನ ಎನ್‌ಐಟಿಗೋ ಮೆಡಿಕಲ್‌ಗೋ ಹೋಗುವವರು ಸೀಟು ಬಿಟ್ಟ ಮೇಲೆ ಎರಡನೇ ಸುತ್ತಿನಲ್ಲಿ ಕಟ್‌ಆಫ್ ಸಡಿಲವಾಗುತ್ತದೆ, ಅಂದರೆ ಇನ್ನೂ ಹಿಂದಿನ ರ‍್ಯಾಂಕಿನವರಿಗೂ ಸೀಟು ಸಿಗುತ್ತದೆ. ಎಷ್ಟು ಸಡಿಲವಾಗುತ್ತದೆ ಎಂಬುದು ಈ ಎರಡು ಅಂಕಿಗಳ ನಡುವೆ ಕಾಣುತ್ತದೆ. ಆಮೇಲೆ ಹೋಲಿಸುವಾಗ ನಾನು ಕಳೆಯುವುದಿಲ್ಲ, ಭಾಗಿಸುತ್ತೇನೆ. 2,000ದ ಆಸುಪಾಸಿನಲ್ಲಿ 500 ರ‍್ಯಾಂಕ್ ವ್ಯತ್ಯಾಸ ಎಂದರೆ ಕಾಲು ಭಾಗ. 40,000ದ ಆಸುಪಾಸಿನಲ್ಲಿ ಅದೇ 500 ಲೆಕ್ಕಕ್ಕೇ ಬಾರದು.

ವಿವರಣೆಗೆ ಒಂದು ಕಲ್ಪಿತ ಲೆಕ್ಕ ಕೊಡುತ್ತೇನೆ. ಒಂದು ಬ್ರಾಂಚಿನ 3ಎಆರ್ ಕಟ್‌ಆಫ್ ಮೂರು ವರ್ಷ 18,000, 21,500, 20,000 ಎಂದಿರಲಿ. ಅತಿ ಬಿಗಿಯಾದ ವರ್ಷದ್ದು 18,000, ಅದರ ಶೇ 80 ಎಂದರೆ 14,400. ಅದರೊಳಗಿನ ರ‍್ಯಾಂಕಾದರೆ ಆ ಕಾಲೇಜನ್ನು 'ಸಿಗುತ್ತೆ' ಗುಂಪಿಗೆ ಹಾಕುತ್ತೇನೆ. ಅಲ್ಲಿಂದ 21,500ರವರೆಗೆ 'ಸಿಗಬಹುದು'. ಅತಿ ಸಡಿಲವಾದ ವರ್ಷಕ್ಕಿಂತ ಕಾಲು ಭಾಗ ಹೆಚ್ಚು, ಅಂದರೆ ಸುಮಾರು 27,000ದವರೆಗೆ 'ಹಾಕಿ ನೋಡೋಣ'. ಈ ಶೇ 80, ಕಾಲು ಭಾಗ ಎಂಬುವು ಯಾವ ಪುಸ್ತಕದಿಂದಲೂ ಬಂದವಲ್ಲ, ನನ್ನ ಮಕ್ಕಳ ಸೀಟುಗಳನ್ನು ನೋಡುತ್ತಾ ಕೈಗೆ ಕೂತವು. ಮೊಬೈಲಿನಲ್ಲಿ "ನಿಮಗೆ ಈ ಕಾಲೇಜು ಸಿಗುವ ಸಾಧ್ಯತೆ ಶೇ 87" ಎಂದು ತೋರಿಸುವ ಆ್ಯಪ್‌ಗಳನ್ನು ಹಿಡಿದು ಬರುವವರಿಗೆ ನಾನು ಹೇಳುವುದಿಷ್ಟೆ: ಒಂದೇ ಸೀಟಿರುವ ಕಾಲಂನಲ್ಲಿ ಎಂಬತ್ತೇಳೋ ಎಂಬತ್ತೆಂಟೋ ಎಂದು ಹೇಳಲು ಯಾರಿಂದಲೂ ಆಗದು. ಮೂರು ಗುಂಪು ಸಾಕು.

ಹಳೆಯ ಕಟ್‌ಆಫ್ ಕೆಲಸಕ್ಕೆ ಬಾರದ ಸಂದರ್ಭಗಳೂ ಇವೆ. ಎಐ-ಎಂಎಲ್, ಡೇಟಾ ಸೈನ್ಸ್‌ನಂಥ ಬ್ರಾಂಚ್ ಹೊಸದಾಗಿ ಶುರುವಾದಾಗ ಮೂರು ವರ್ಷದ ದಾಖಲೆ ಇರುವುದಿಲ್ಲ. ಆಗ ಅದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮತ್ತು ಇನ್ಫರ್ಮೇಶನ್ ಸೈನ್ಸ್ ನಡುವೆ ಎಲ್ಲೋ ಇಟ್ಟುಕೊಳ್ಳುತ್ತೇನೆ. ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ 2024-25ರಿಂದ ಸೀಟುಗಳ ಮಿತಿ ತೆಗೆದ ಮೇಲೆ ದೊಡ್ಡ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಳ್ಳಲು ದಾರಿಯಾಗಿದೆ. ಬೆಂಗಳೂರಿನಲ್ಲಿ ಸೀಟು ಹೆಚ್ಚಿದಷ್ಟೂ ಜಿಲ್ಲಾ ಕಾಲೇಜುಗಳ ಕಟ್‌ಆಫ್ ಸಡಿಲವಾಗುತ್ತದೆ. ಹಾಗಾಗಿ ಆ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಕಾಲೇಜಿನ ಯಾವ ಬ್ರಾಂಚಿನಲ್ಲಿ ಎಷ್ಟು ಸೀಟು ಎಂಬ ಪಟ್ಟಿ) ಬಂದ ಕೂಡಲೇ ಅದನ್ನು ತೆಗೆದು ಹೋದ ವರ್ಷದ್ದರ ಪಕ್ಕ ಇಟ್ಟು ನೋಡುತ್ತೇನೆ.

ಫಲಿತಾಂಶಕ್ಕೆ ಮೊದಲೇ, ಕೀ ಉತ್ತರ ನೋಡಿ "108 ಬರುತ್ತೆ, ಎಷ್ಟು ರ‍್ಯಾಂಕ್?" ಎಂದು ಕೇಳುವವರಿಗೆ ನಾನು ರ‍್ಯಾಂಕ್ ಹೇಳುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300 ಅಂಕಕ್ಕೆ ಅರ್ಧ ತೂಕ, ಸಿಇಟಿಯ 180ಕ್ಕೆ ಅರ್ಧ. ಪಿಯುವಿನಲ್ಲಿ 282, ಸಿಇಟಿಯಲ್ಲಿ 108 ಎಂದರೆ 47 ಮತ್ತು 30, ಒಟ್ಟು 77. ಈ ಲೆಕ್ಕ ಮಾಡಿಕೊಡುತ್ತೇನೆ. ಅದಕ್ಕೆ ಮುಂದೆ ಹೋದರೆ ಊಹೆ. 2021ರಲ್ಲಿ ಪಿಯು ಪರೀಕ್ಷೆಯೇ ನಡೆಯದೆ ಸಿಇಟಿ ಅಂಕ ಮಾತ್ರ ಲೆಕ್ಕಕ್ಕೆ ಬಂತು. 2024ರಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳೆಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅಂಕ ಮತ್ತು ರ‍್ಯಾಂಕಿನ ಸಂಬಂಧ ಪ್ರತಿ ವರ್ಷ ಬೇರೆ. ರ‍್ಯಾಂಕ್ ಮತ್ತು ಕಾಲೇಜಿನ ಸಂಬಂಧ ಹೆಚ್ಚು ಸ್ಥಿರ. ಆದರೆ ಪರೀಕ್ಷೆಗೆ ಮುಂಚೆ ಈ ತೂಕದ ಲೆಕ್ಕ ಮಕ್ಕಳಿಗೆ ತುಂಬಾ ಉಪಯೋಗ: ಸಿಇಟಿಯ 6 ಅಂಕ ಪಿಯುವಿನ 10 ಅಂಕಕ್ಕೆ ಸಮ. ಪಿಯು ಮುಗಿದ ಮೇಲಿನ ವಾರಗಳಲ್ಲಿ ಕೈಚೆಲ್ಲಿ ಕೂತವರನ್ನು ಈ ಒಂದು ಸಾಲು ಮತ್ತೆ ಪುಸ್ತಕ ಹಿಡಿಸಿದ್ದನ್ನು ಕಂಡಿದ್ದೇನೆ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಮಾತು. ಸಾಧ್ಯತೆಯ ಲೆಕ್ಕವನ್ನು ಪಟ್ಟಿ ಎಷ್ಟು ಉದ್ದ ಇರಬೇಕು ಎಂದು ತಿಳಿಯಲು ಬಳಸಿ. ಯಾವುದು ಮೇಲೆ ಯಾವುದು ಕೆಳಗೆ ಎನ್ನುವುದಕ್ಕೆ ಬಳಸಬೇಡಿ. ಕ್ರಮ ಮಗುವಿನ ಇಷ್ಟದ್ದಾಗಿರಬೇಕು. "ಮೇಲೆ ದೊಡ್ಡ ಕಾಲೇಜು ಹಾಕಿದ್ರೆ ಕೆಳಗಿಂದೂ ಕೈತಪ್ಪುತ್ತೆ" ಎಂಬ ಭಯ ನಮ್ಮ ಕಡೆ ಬಹಳ. ಅದು ನಿಜವಲ್ಲ. ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತಾ, ಸೀಟು ಉಳಿದಿರುವ ಮೊದಲ ಆಪ್ಶನ್ ಕೊಡುತ್ತದೆ. ಸಿಗದ ಹತ್ತು ಆಪ್ಶನ್ ಮೇಲಿದ್ದರೂ ಹನ್ನೊಂದನೆಯದಕ್ಕೆ ನಿಮ್ಮ ಸರದಿ ಹಿಂದೆ ಸರಿಯುವುದಿಲ್ಲ. ಬದಲಿಗೆ ಭಯಪಟ್ಟು 'ಸಿಗುತ್ತೆ' ಗುಂಪಿನದನ್ನು ಮೇಲಿಟ್ಟರೆ ಅದೇ ಸಿಗುತ್ತದೆ, ಅದಕ್ಕಿಂತ ಇಷ್ಟವಾದದ್ದು ಕೆಳಗೆ ಕೂತಿರುತ್ತದೆ. ಅರಕಲಗೂಡಿನ ಹುಡುಗಿಗೂ ಇದನ್ನೇ ಹೇಳಿದೆ. ಅವಳ ಪಟ್ಟಿಯ ತಲೆಯಲ್ಲಿ ಆರ್‌ವಿ ಮತ್ತು ಯುವಿಸಿಇ, ನಡುವೆ ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಕೆಳಗೆ ನಮ್ಮ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಎಐಟಿ. 'ಸಿಗುತ್ತೆ' ಗುಂಪಿನವು ಕನಿಷ್ಠ ಆರೇಳು ಬರುವವರೆಗೆ ಪಟ್ಟಿ ನಿಲ್ಲಿಸಲು ನಾನು ಬಿಡಲಿಲ್ಲ.

ಆದರೆ ಪಟ್ಟಿಗೆ ಹಾಕುವ ಪ್ರತಿಯೊಂದಕ್ಕೂ ಮನೆಯವರ ಒಪ್ಪಿಗೆ ಇರಲೇಬೇಕು. ಇದನ್ನು ಕೇಳದೆ ನಾನು ಪೆನ್ನು ತೆಗೆಯುವುದಿಲ್ಲ. "ಹೆಣ್ಣು ಹುಡುಗಿ, ಹಾಸನ ಬಿಟ್ಟು ಕಳಿಸಲ್ಲ" ಎಂಬ ಮಾತು ಕೆಲವೊಮ್ಮೆ ಸೀಟು ಬಂದ ಮೇಲೆ ಹೊರಗೆ ಬರುತ್ತದೆ, ಆಗ ಅಳುವುದು ಆ ಮಗು. ಅದಕ್ಕೇ ಮೊದಲು ಮಗುವಿನ ಹತ್ತಿರ ಮಾತಾಡುತ್ತೇನೆ, ಆಮೇಲೆ ಅಪ್ಪ ಅಮ್ಮನ ಹತ್ತಿರ, ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು. ಮೈಸೂರಿಗೆ ಎಷ್ಟು ಹೊತ್ತಿನ ಬಸ್ಸು, ಹಾಸ್ಟೆಲ್ ಯಾವುದು, ಅಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯ ಫೋನ್ ನಂಬರ್. ಹಾಗೆ ಮಾತಾಡಿದಾಗ ಬಹಳಷ್ಟು ತಂದೆಯರು ಒಪ್ಪುತ್ತಾರೆ. ಒಪ್ಪದಿದ್ದರೆ ಆ ಕಾಲೇಜನ್ನು ಪಟ್ಟಿಯಿಂದ ತೆಗೆಯುತ್ತೇನೆ, ನೋವಾದರೂ ಸರಿ.

ಫೀಸೂ ಹೀಗೆಯೇ. ಎನ್‌ಐಇ, ನಮ್ಮ ಮಲೆನಾಡು ಕಾಲೇಜಿನಂಥ ಹಳೆಯ ಸಂಸ್ಥೆಗಳಲ್ಲಿ ಅನುದಾನಿತ ಮತ್ತು ಅನುದಾನರಹಿತ ಸೀಟುಗಳು ಬೇರೆ ಬೇರೆ, ಅನುದಾನಿತದ ಫೀಸ್ ಬಹಳ ಕಡಿಮೆ. ಎರಡನ್ನೂ ಹಾಕಿ, ಅನುದಾನಿತವನ್ನು ಮೇಲಿಡಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಅಡಿ ಬೋಧನಾ ಶುಲ್ಕ ವಿನಾಯಿತಿಯ ಹೆಚ್ಚುವರಿ ಶೇ 5 ಸೀಟುಗಳಿವೆ, ಅವೂ ರ‍್ಯಾಂಕಿನ ಮೇಲೆಯೇ. ಇದನ್ನು ಎಷ್ಟೋ ಮನೆಗಳಲ್ಲಿ ಕೇಳಿಯೇ ಇರುವುದಿಲ್ಲ.

ಮಾಕ್ ಅಲಾಟ್‌ಮೆಂಟ್ (ನಿಜವಾದ ಸುತ್ತಿಗೆ ಮುಂಚಿನ ಅಣಕು ಸೀಟು ಹಂಚಿಕೆ) ಬಂದ ದಿನ ಪಟ್ಟಿಯನ್ನು ಮತ್ತೆ ತೆಗೆಯುತ್ತೇವೆ. ಅದರಲ್ಲಿ ಬಂದದ್ದು ಸೀಟಲ್ಲ, ಸುಳಿವು. ನಮ್ಮ 'ಸಿಗಬಹುದು' ಗುಂಪಿನದು ಯಾವುದೂ ಬರದೆ ಪಟ್ಟಿಯ ತುದಿಯದು ಬಂದಿದ್ದರೆ ಕೆಳಗೆ ಇನ್ನಷ್ಟು ಸೇರಿಸುತ್ತೇವೆ, ಮೇಲಿನದನ್ನು ಮಾತ್ರ ಮುಟ್ಟುವುದಿಲ್ಲ. ಮೊದಲ ಸುತ್ತಿನ ಸೀಟು ಬಂದ ಮೇಲೆ ಛಾಯ್ಸ್ ಒಂದೋ ಎರಡೋ ಎಂಬ ಪ್ರಶ್ನೆ. ಒಂದು ಎಂದರೆ ಒಪ್ಪಿ ಸೇರುವುದು. ಎರಡು ಎಂದರೆ ಸಿಕ್ಕಿದ್ದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ವಾಪಸ್ ಕೇಳುವಂತಿಲ್ಲ. ಆದ್ದರಿಂದ ಛಾಯ್ಸ್ ಎರಡು ಒತ್ತುವ ಮುಂಚೆ, ಈಗ ಕೈಯಲ್ಲಿರುವ ಸೀಟಿಗಿಂತ ಮೇಲಿರುವ ಪ್ರತಿಯೊಂದು ಆಪ್ಶನ್ ಓದಿಸಿ "ಇದು ಬಂದರೆ ಇರುವುದನ್ನು ಬಿಟ್ಟು ಹೋಗುತ್ತೀಯಾ?" ಎಂದು ಕೇಳುತ್ತೇನೆ. 'ಇಲ್ಲ' ಎಂದ ಪ್ರತಿಯೊಂದನ್ನೂ ಅಲ್ಲೇ ಅಳಿಸುತ್ತೇವೆ. ಅರಕಲಗೂಡಿನ ಹುಡುಗಿಗೆ ಮೊದಲ ಸುತ್ತಿನಲ್ಲಿ ಹಾಸನದಲ್ಲೇ ಎಲೆಕ್ಟ್ರಾನಿಕ್ಸ್ ಬಂದಿತ್ತು. ಮೇಲಿದ್ದ ಆಪ್ಶನ್‌ಗಳಲ್ಲಿ ತನಗೆ ಬೇಡದ ಬ್ರಾಂಚುಗಳನ್ನೆಲ್ಲ ಅವಳೇ ತೆಗೆದು, ಛಾಯ್ಸ್ ಎರಡು ಒತ್ತಿದಳು. ಎರಡನೇ ಸುತ್ತಿನಲ್ಲಿ ಗ್ರಾಮೀಣ ಕಾಲಂನಿಂದ ಮೈಸೂರಿನಲ್ಲಿ ಸೀಟು ಬಂತು, ನಾನು 'ಹಾಕಿ ನೋಡೋಣ' ಎಂದು ಬರೆದಿದ್ದ ಬ್ರಾಂಚಿನಲ್ಲೇ.

ಪ್ರತಿ ವರ್ಷ ಎಲ್ಲ ಸುತ್ತು ಮುಗಿದ ಮೇಲೆ ನಮ್ಮ ಮಕ್ಕಳ ರ‍್ಯಾಂಕ್, ಕಾಲಂ, ಬಂದ ಸೀಟು, ನಾನು ಹಾಕಿದ್ದ ಗುಂಪು, ನಾಲ್ಕನ್ನೂ ಹೆಸರಿಲ್ಲದೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಸಣ್ಣ ಕಾಲಂಗಳ ಬಗ್ಗೆ ಏನಾದರೂ ಹೇಳಲು ನನಗಿರುವ ಆಧಾರ ಅದೊಂದೇ. ಬೇರೆ ತಾಲ್ಲೂಕಿನ ಉಪನ್ಯಾಸಕರೂ ಹೀಗೆ ಬರೆದಿಟ್ಟು ವರ್ಷಕ್ಕೊಮ್ಮೆ ಹಂಚಿಕೊಂಡರೆ ಶೇ 80 ಸರಿಯೋ ಶೇ 70 ಸರಿಯೋ ಎಂದು ನಾವು ಸೇರಿಯೇ ನೋಡಬಹುದು. ನನ್ನ ನೋಟ್‌ಬುಕ್ ಕೊಡಲು ನಾನು ಸಿದ್ಧ.