ಮಗುವಿನ ಸಾಮಾನು ತರಿಸುವ ಮುಂಚೆ ಟ್ರಂಕು ತೆಗೆದು ನೋಡಿ

ಮನೆಗೆ ಮಗು ಬರುತ್ತದೆ ಅಂತ ಗೊತ್ತಾದ ಕೂಡಲೇ ಈಗಿನವರು ಫೋನು ಹಿಡಿದು ಕೂರುತ್ತಾರೆ. ಸ್ವಾಡಲ್ ಬೇಕು, ಬೇಬಿ ಮ್ಯಾಟ್ ಬೇಕು, ರ‍್ಯಾಟಲ್ ಬೇಕು. ಡಬ್ಬಿ ಮೇಲೆ ಡಬ್ಬಿ ಬರುತ್ತದೆ. ಬಿಚ್ಚಿ ನೋಡಿದರೆ ಒಳಗೆ ಸುತ್ತುವ ಬಟ್ಟೆ, ಬಟ್ಟೆಯ ಪದರ ಸೇರಿಸಿ ಹೊಲಿದ ಹಾಸುವ ಕೌದಿ, ಒಂದು ಗಿಲಕಿ. ಇದೆಲ್ಲ ಅಜ್ಜಿಯ ಟ್ರಂಕಿನಲ್ಲೇ ಇರುತ್ತದೆ. ಹೆಸರು ಗೊತ್ತಿಲ್ಲದ್ದಕ್ಕೆ ಯಾರೂ ಕೇಳುವುದಿಲ್ಲ, ಅಷ್ಟೇ. ದುಡ್ಡು ಹೋಗುವುದು ಒಂದು ಕಡೆ. ಬಾಣಂತನದ ಮನೆಯಲ್ಲಿ ನಾಲ್ಕು ಊರಿನ ಹೆಂಗಸರು ಸೇರಿ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯದೆ ಮಗು ಅಳುತ್ತಾ ಮಲಗಿರುತ್ತದಲ್ಲ, ಅದನ್ನು ನೋಡಿದರೆ ನನಗೆ ಕೋಪ ಬರುತ್ತದೆ.

ಟ್ರಂಕು ಅಂದೆ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಬಟ್ಟೆಯ ಮಧ್ಯೆ ನುಸಿಗುಳಿಗೆ ಇಡಬೇಡಿ. ಅದರ ವಾಸನೆಯಿಂದಲೇ ಕೆಲವು ಮಕ್ಕಳಿಗೆ ರಕ್ತ ಒಡೆದು ಕಾಮಾಲೆ ಬರುತ್ತದೆ. ಒಣಗಿದ ಬೇವಿನ ಎಲೆ ಸಾಕು. ಗುಳಿಗೆ ಹಾಕಿಟ್ಟಿದ್ದ ಬಟ್ಟೆಯಾದರೆ ವಾಸನೆ ಪೂರ್ತಿ ಹೋಗುವ ತನಕ ಒಗೆದು, ಬಿಸಿಲಿಗೆ ಹಾಕಿ, ಮತ್ತೆ ಒಗೆಯಿರಿ.

ನನ್ನ ತವರು ಧಾರವಾಡದ ಕಡೆ, ಕೊಟ್ಟಿದ್ದು ಮೈಸೂರಿಗೆ. ನಾನು ತಂಬಿಗೆ ಅಂದರೆ ಅತ್ತೆಯವರು ಚೊಂಬು ಅನ್ನುತ್ತಿದ್ದರು. ನನ್ನ ಕಸಬರಿಗೆ ಇಲ್ಲಿ ಪೊರಕೆ, ಮಂಗಳೂರಿನವರಿಗೆ ಹಿಡಿಸೂಡಿ. ಕಸ ಗುಡಿಸುವುದಕ್ಕೆ ಯಾವ ಹೆಸರಾದರೂ ನಡೆಯುತ್ತದೆ. ಬಾಣಂತಿಯ ಕೋಣೆಯಲ್ಲಿ ನಡೆಯುವುದಿಲ್ಲ. ಮೈಸೂರಿನವರು ಬಟ್ಟಲು ಅಂದರೆ ಕೈಯಲ್ಲಿ ಹಿಡಿಯುವ ಚಿಕ್ಕ ಪಾತ್ರೆ. ದಕ್ಷಿಣ ಕನ್ನಡದವರಿಗೆ ಬಟ್ಟಲು ಅಂದರೆ ಊಟದ ತಟ್ಟೆ. "ಬಟ್ಟಲಲ್ಲಿ ಬಿಸಿನೀರು ತಾ" ಅಂದರೆ ಅವರು ತಟ್ಟೆ ಹಿಡಿದು ನಿಲ್ಲುತ್ತಾರೆ, ತಪ್ಪು ಅವರದಲ್ಲ. ನಮ್ಮ ಕಡೆ ಕೂಸಿಗೆ ಎರೆಯುವುದು ಅಂದರೆ ಸ್ನಾನ ಮಾಡಿಸುವುದು. ಇಲ್ಲಿ ಮಗುವಿಗೆ ನೀರು ಹಾಕುವುದು ಅನ್ನುತ್ತಾರೆ. ಇನ್ನು ಕೂಸು ಅನ್ನುವುದೂ ಎಲ್ಲ ಕಡೆ ಒಂದೇ ಅಲ್ಲ. ನಮಗೆ ಗಂಡಾದರೂ ಹೆಣ್ಣಾದರೂ ಕೂಸೇ. ಹವ್ಯಕರ ಮನೆಯಲ್ಲಿ ಕೂಸು ಅಂದರೆ ಹೆಣ್ಣು, ಗಂಡಾದರೆ ಮಾಣಿ. ಸುದ್ದಿ ಹೇಳುವಾಗ ನೋಡಿಕೊಂಡು ಹೇಳಿ.

ಅದಕ್ಕೇ ನನ್ನ ಪದ್ಧತಿ ಒಂದಿದೆ. ನೋಡಿಕೊಳ್ಳಲು ಆಯಾ ಬಂದ ಮೊದಲ ದಿನವೇ ಅವಳನ್ನು ಕೋಣೆಗೆ ಕರೆದು, ಒಂದೊಂದು ವಸ್ತುವನ್ನೂ ಅವಳ ಕೈಗೆ ಕೊಟ್ಟು, "ಇದಕ್ಕೆ ನಿಮ್ಮೂರಲ್ಲಿ ಏನಂತೀರಮ್ಮಾ?" ಅಂತ ಕೇಳುತ್ತೇನೆ. ಅವಳ ಹೆಸರನ್ನೇ ಮನೆಯವರೆಲ್ಲ ಹಿಡಿಯಬೇಕು. ರಾತ್ರಿ ಎರಡು ಗಂಟೆಗೆ ಅರೆನಿದ್ದೆಯಲ್ಲಿ ಎದ್ದು ಓಡುವವಳು ಅವಳು ತಾನೇ? ಸೊಸೆಗೆ ಇದು ಹೇಳಿದರೆ ಮುಖ ಸಿಂಡರಿಸುತ್ತಾಳೆ. ಸಿಂಡರಿಸಲಿ.

ಡೈಪರ್ ಮಾತು ಬೇರೆಯೇ ಇದೆ. ಈಗ ಯಾರೂ ಡೈಪರ್ ಅಂತಲೂ ಅನ್ನುವುದಿಲ್ಲ, ಕಂಪನಿ ಹೆಸರು ಹಿಡಿದು ಹಗ್ಗೀಸ್, ಪ್ಯಾಂಪರ್ಸ್ ಅನ್ನುತ್ತಾರೆ. ಹೊರಗೆ ಹೋಗುವಾಗ ಹಾಕಿ, ಬೇಡ ಅನ್ನುವುದಿಲ್ಲ. ಮನೆಯಲ್ಲಿ ಬಟ್ಟೆಯೇ ಇರಲಿ. ಆದರೆ ಉಚ್ಚೆ ಬಟ್ಟೆ ಅಂತ ಒಂದೇ ಹೆಸರು ಹೇಳಿ ಎಲ್ಲವನ್ನೂ ಒಂದೇ ರಾಶಿ ಮಾಡಬೇಡಿ. ಕಟ್ಟುವುದು ಲಂಗೋಟಿ, ಅದಕ್ಕೆ ಹಳೆ ಪಂಚೆ. ಹಾಸುವುದಕ್ಕೆ ಹಳೆ ಸೀರೆ, ಅದು ಸ್ವಲ್ಪ ದಪ್ಪ ಮಡಿಕೆ. ಲಂಗೋಟಿಯ ಗಂಟು ಹೊಕ್ಕುಳಿಗಿಂತ ಕೆಳಗೆ, ಪಕ್ಕಕ್ಕೆ ಬರಬೇಕು. ಹೊಕ್ಕುಳಬಳ್ಳಿ ಉದುರುವ ತನಕ ಅದರ ಮೇಲೆ ಬಟ್ಟೆ ಒತ್ತಲೇಬಾರದು.

ಈಗ ಕೌದಿಗೆ ಬರುತ್ತೇನೆ. ಇಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಕೌದಿ ಇಲ್ಲದ ಮನೆ ಇರಲಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ತಮ್ಮದಕ್ಕೆ ಕವಂದಿ ಅನ್ನುತ್ತಾರೆ. ಅವರು ಅಂಚಿನಿಂದ ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ಎಷ್ಟು ಚೆಂದದ ಕೆಲಸ! ಇಲ್ಲಿ ಅಂಗಡಿಯಲ್ಲಿ ಕೌದಿ ಕೇಳಿದರೆ ಹುಡುಗ ನೈಲಾನಿನ ಬ್ಲಾಂಕೆಟ್ ತೆಗೆದು ತೋರಿಸುತ್ತಾನೆ. ಬೆವರು ಹೀರದ ಬಟ್ಟೆ ಎಳೆ ಮಗುವಿಗೆ ಏಕೆ?

ಮಗುವಿನ ಕೌದಿಗೆ ಹಳೆ ಹತ್ತಿ ಸೀರೆಯೇ ಆಗಬೇಕು. ಒಗೆದು ಒಗೆದು ಬೆಣ್ಣೆಯ ಹಾಗೆ ಮೆತ್ತಗಾಗಿರಬೇಕು. ಜರಿ ಅಂಚನ್ನು ಕತ್ತರಿಸಿ ತೆಗೆಯಿರಿ, ಅದು ಚರ್ಮ ಗೀರುತ್ತದೆ. ಮೇಲೆ ಕೆಳಗೆ ಸೀರೆ, ಒಳಗೆ ಪಂಚೆಯ ಎರಡು ಮೂರು ಪದರ. ಕೈಯಲ್ಲಿ ಹಿಂಡಿದರೆ ಮುಷ್ಟಿಯಲ್ಲಿ ಹಿಡಿಸುವಷ್ಟು ದಪ್ಪ, ಅದಕ್ಕಿಂತ ಜಾಸ್ತಿ ಬೇಡ, ಒಣಗುವುದಿಲ್ಲ. ಎಲ್ಲ ಬಟ್ಟೆಯನ್ನೂ ಮೊದಲೇ ಬಿಸಿನೀರಿನಲ್ಲಿ ನೆನೆಹಾಕಿ ಒಣಗಿಸಿ. ಇಲ್ಲದಿದ್ದರೆ ಹೊಲಿದ ಮೇಲೆ ಒಂದು ಪದರ ಸೇದಿಕೊಂಡು ಸುಕ್ಕುಗಟ್ಟುತ್ತದೆ. ನೆಲ ಒರೆಸಿ, ಬಟ್ಟೆ ಹರಡಿ, ನಾಲ್ಕು ಮೂಲೆಗೂ ಬೇಳೆ ಡಬ್ಬಿ ಇಡಿ. ನಡುವಿನಿಂದ ಹೊರಗೆ ಅಂಗೈಯಿಂದ ಸವರಿ. ಆಮೇಲೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರ ಕೂಡಿಸಿ. ಇಷ್ಟಾಗದೆ ಸೂಜಿ ಮುಟ್ಟಬೇಡಿ.

ದಾರವೂ ಹತ್ತಿಯದೇ. ಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ಅಂಚು ಒಳಗೆ ಮಡಚಿ ಹೊಲಿದು, ಬೆರಳಿನ ಅಗಲ ಬಿಟ್ಟು ಎರಡನೇ ಸುತ್ತು, ಹಾಗೇ ಒಳಗೆ ಬನ್ನಿ. ಹೊಲಿಗೆ ಗೋಧಿ ಕಾಳಿನಷ್ಟು ಇರಲಿ. ಉದ್ದ ಬಿಟ್ಟರೆ ಮಗುವಿನ ಬೆರಳು ಸಿಕ್ಕುತ್ತದೆ. ದಾರದ ಗಂಟು ಎಂದೂ ಹೊರಗೆ ಕಾಣಬಾರದು. ಸೂಜಿಯನ್ನು ಪದರದ ಮಧ್ಯೆ ತೂರಿಸಿ, ಗಂಟನ್ನು ಒಳಗೆ ಎಳೆದು, ಅಲ್ಲಿಂದ ಮೇಲೆ ಬನ್ನಿ. ಮುಗಿಸುವಾಗಲೂ ಹಾಗೇ. ಪೂರ್ತಿ ಆದ ಮೇಲೆ ಕಣ್ಣು ಮುಚ್ಚಿ ನಿಮ್ಮ ಕೆನ್ನೆಯನ್ನು ಕೌದಿ ಮೇಲೆ ಉಜ್ಜಿ ನೋಡಿ. ಎಲ್ಲಿಯಾದರೂ ಚುಚ್ಚಿತು ಅಂದರೆ ಅಲ್ಲಿ ಬಿಚ್ಚಿ ಮತ್ತೆ ಹೊಲಿಯಿರಿ. ಬೇಜಾರಾದರೆ ಎದ್ದು ಒಂದು ಲೋಟ ಕಾಫಿ ಕುಡಿದು ಬನ್ನಿ, ಆದರೆ ಬಿಡಬೇಡಿ.

ಇನ್ನು ಮುಖ್ಯವಾದದ್ದು. ತಲೆ ಬರುವ ಕಡೆ ಒಂದು ಮೂಲೆಗೆ ಕೆಂಪು ಬಟ್ಟೆಯ ತುಂಡು ಇಟ್ಟು ಹೊಲಿಯಿರಿ. ನಮ್ಮವ್ವ ಪ್ರತಿ ಕೌದಿಗೂ ಇಡುತ್ತಿದ್ದಳು. ಒದ್ದೆಯಾಗುವ ಕಡೆ ಯಾವತ್ತೂ ತಲೆಗೆ ಬರಬಾರದು ಅನ್ನುವುದು ಅವಳ ಹಟ. ಅವಳು ಹೊಲಿಯುತ್ತಾ ಕೂತಾಗ ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬರುತ್ತಿದ್ದರು, ಸುದ್ದಿ ಹೇಳುತ್ತಾ ಆಳಿಗೊಂದು ಸಾಲು ಹೊಲಿದು ಹೋಗುತ್ತಿದ್ದರು. ಬೇರೆಯವರ ಸಾಲು ಸೊಟ್ಟಗಿದ್ದರೆ ಅವರು ಹೋದ ಮೇಲೆ ಬಿಚ್ಚುತ್ತಿದ್ದಳು. ಆ ಕೆಂಪು ಮೂಲೆ ಈಗ ನನ್ನ ಮನೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿದೆ. ರಾಯಚೂರಿನ ಆಯಾ ಇರಲಿ, ಉಡುಪಿಯ ಬೀಗಿತ್ತಿ ಇರಲಿ, "ಕೆಂಪಿದ್ದಲ್ಲಿ ತಲೆ" ಅಂದರೆ ಮುಗಿಯಿತು. ಈ ಕೌದಿ ಮಗು ಎಚ್ಚರವಾಗಿದ್ದಾಗ ಕೆಳಗೆ ಹಾಸಲು, ತೊಡೆಯ ಮೇಲೆ ಮಲಗಿಸಿಕೊಳ್ಳಲು. ಮಲಗಿದ ಮಗುವಿಗೆ ಹೊದಿಸಬೇಡಿ, ಮುಖದ ಮೇಲೆ ಸರಿದರೆ ಉಸಿರು ಕಟ್ಟುತ್ತದೆ.

ಆಸ್ಪತ್ರೆಯಲ್ಲಿ ನರ್ಸ್ "ಪಾಲಡೈ ತನ್ನಿ" ಅಂದರೆ ಗಾಬರಿಯಾಗಬೇಡಿ. ತಮಿಳಿನ ಹೆಸರು, ವಸ್ತು ನಮ್ಮ ಒಳಲೆಯೇ, ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಪಾತ್ರೆ. ತಿಂಗಳು ತುಂಬುವ ಮುಂಚೆ ಹುಟ್ಟಿದ, ಚೀಪಲು ಶಕ್ತಿಯಿಲ್ಲದ ಮಗುವಿಗೆ ತಾಯಿಯ ಹಾಲನ್ನೇ ಹಿಂಡಿ ಅದರಲ್ಲಿ ಕುಡಿಸಲು ಡಾಕ್ಟರೇ ಹೇಳುತ್ತಾರೆ. ಮಗುವಿನ ತಲೆ ಎತ್ತಿ ಹಿಡಿದು, ಮೂತಿಯನ್ನು ಬಾಯಿಯ ಪಕ್ಕಕ್ಕೆ ಇಟ್ಟು, ನುಂಗಿದ್ದು ನೋಡಿ ಮತ್ತಷ್ಟು ಬಗ್ಗಿಸಿ. ಸುರಿಯಬಾರದು. ಸ್ಟೀಲಿನದು ಒಳ್ಳೆಯದು, ಪ್ರತಿ ಸಲ ಕುದಿಸಲು ಸುಲಭ. ಬೆಳ್ಳಿ ಒಳಲೆಯನ್ನು ದೀಪದ ಜೊತೆ ಸೇರಿಸಿ ವಿಭೂತಿ ಹಾಕಿ ತಿಕ್ಕುವವರನ್ನು ನೋಡಿದ್ದೇನೆ. ಬೆಳ್ಳಿ ದೀಪಕ್ಕೆ ವಿಭೂತಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಒಣ ಬಟ್ಟೆಯಲ್ಲಿ ತಿಕ್ಕಿದರೆ ಫಳಫಳ ಅನ್ನುತ್ತದೆ. ಆದರೆ ಮಗುವಿನ ಬಾಯಿಗೆ ಇಡುವುದಕ್ಕೆ ಅದು ಬೇಡ. ಒಳಲೆಯಲ್ಲಿ ಬಜೆ, ಹರಳೆಣ್ಣೆ, ಹಸುವಿನ ಹಾಲೂ ಬೇಡ. ಆರು ತಿಂಗಳು ತಾಯಿಯ ಹಾಲು ಮಾತ್ರ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರೂ ಸ್ವಲ್ಪ ಕೇಳಿ. ಅಲ್ಲಿ ಅಂಗಡಿಯಲ್ಲಿ ಮಗುವಿಗೆ ಕಾಟ್ ಬೇಕು ಅಂದರೆ ಮಡಚುವ ಕ್ಯಾಂಪ್ ಮಂಚ ತೋರಿಸುತ್ತಾರೆ, ಕ್ರಿಬ್ ಅನ್ನಬೇಕು. ಇಂಗ್ಲೆಂಡಿನಲ್ಲಿ ಕಾಟ್ ಅಂದರೇ ಸರಿ. ಅಲ್ಲಿ ನ್ಯಾಪಿ, ಅಮೆರಿಕದಲ್ಲಿ ಡೈಪರ್. ಮಗಳನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಕೊನೆಗೆ ವಾಕರ್. ಮೊದಲು ನಮ್ಮ ಮಕ್ಕಳಿಗಿದ್ದದ್ದು ಮೂರು ಗಾಲಿಯ ಮರದ ಬಂಡಿ. ಮಗು ತಾನೇ ಎದ್ದು ನಿಂತು, ಹಿಡಿಕೆ ಹಿಡಿದು ತಳ್ಳುತ್ತಾ ನಡೆಯುತ್ತಿತ್ತು. ಈಗ ವಾಕರ್ ಅಂದರೆ ಮಗುವನ್ನು ನಡುವೆ ಕೂರಿಸಿ ಬಿಡುವ ಪ್ಲಾಸ್ಟಿಕ್ ಚಕ್ರ. ಅದರಲ್ಲಿ ಮಗು ಮೆಟ್ಟಿಲಿನಿಂದ ಉರುಳುತ್ತದೆ, ಒಲೆಗೆ ಕೈ ಹಾಕುತ್ತದೆ. ನಡೆಯುವುದೂ ಬೇಗ ಬರುವುದಿಲ್ಲ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವ ಹಾಗೇ ಇಲ್ಲ. ಅಜ್ಜ ವಾಕರ್ ತನ್ನಿ ಅಂದರೆ ಅವರ ಮನಸ್ಸಿನಲ್ಲಿ ಇರುವುದು ಮರದ ಬಂಡಿ, ಮೊಮ್ಮಗ ತರುವುದು ಈ ಚಕ್ರ. ಚನ್ನಪಟ್ಟಣದ ಕಡೆ ಹೋದವರಿಗೆ ತಳ್ಳುವ ಬಂಡಿ ಅಂತ ಬಿಡಿಸಿ ಹೇಳಿ. ಹಾಗೇ ಅರಗಿನ ಬಣ್ಣದ ಮರದ ಗಿಲಕಿಯೂ ಒಂದು ಬರಲಿ, ಮಗುವಿನ ಬಾಯಿಗೆ ತುರುಕದಷ್ಟು ದೊಡ್ಡದು. ಕೂರಿಸುವ ವಾಕರನ್ನು ಯಾರಾದರೂ ಉಡುಗೊರೆ ಕೊಟ್ಟರೆ ಮುಲಾಜು ನೋಡದೆ ಅಂಗಡಿಗೆ ವಾಪಸ್ ಮಾಡಿ. ಆ ದುಡ್ಡಿಗೆ ಮುಚ್ಚಳ ಇರುವ ಎರಡು ದೊಡ್ಡ ಬಕೆಟ್ಟು ತನ್ನಿ, ಲಂಗೋಟಿ ಒಂದರಲ್ಲಿ, ಹಾಸುವ ಬಟ್ಟೆ ಇನ್ನೊಂದರಲ್ಲಿ ನೆನೆಹಾಕಲು ಬೇಕಾಗುತ್ತದೆ.