ಪಿಕೊ ಬೋರ್ಡ್‌ಗೆ ಫರ್ಮ್‌ವೇರ್ ಕೈಯಾರೆ ತುಂಬುವುದು ಹೇಗೆ?

ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್) ಬೋರ್ಡ್ ಕೊಂಡವರಲ್ಲಿ ಹೆಚ್ಚಿನವರು ಮೊದಲು ಮಾಡುವುದು ಒಂದೇ ಕೆಲಸ. ಪ್ರೋಗ್ರಾಂ ಬರೆದು ಬೋರ್ಡ್‌ಗೆ ಕಳಿಸುವ ಆರ್ಡುಯಿನೊ ಐಡಿಇ ಎಂಬ ಸಾಫ್ಟ್‌ವೇರ್ ತೆರೆದು ಅಪ್‌ಲೋಡ್ ಬಟನ್ ಒತ್ತುವುದು. ಎಲ್‌ಇಡಿ ಮಿನುಗಿದರೆ ಖುಷಿ. ಮಿನುಗದಿದ್ದರೆ ಉದ್ದುದ್ದ ಎರರ್ ಸಾಲುಗಳು ಬಂದು ಬೀಳುತ್ತವೆ, ತಲೆಬುಡ ತಿಳಿಯುವುದಿಲ್ಲ. ಫರ್ಮ್‌ವೇರ್, ಅಂದರೆ ಬೋರ್ಡ್‌ನಲ್ಲಿ ಓಡುವ ಪ್ರೋಗ್ರಾಂ, ತುಂಬುವ ಆ ಒಂದು ಬಟನ್‌ನ ಹಿಂದೆ ನಾಲ್ಕೈದು ಬೇರೆ ಬೇರೆ ಕೆಲಸಗಳು ಅಡಗಿವೆ. ಒಮ್ಮೆಯಾದರೂ ಅವನ್ನು ಬಿಡಿಸಿ, ಒಂದೊಂದಾಗಿ ನೀವೇ ಮಾಡಿ ನೋಡಿ. ಮುಂದೆ ಕೆಲಸ ಎಲ್ಲಿ ಕೈಕೊಟ್ಟಿತು ಅನ್ನುವುದು ಬೇಗ ಹೊಳೆಯುತ್ತದೆ.

ಇದನ್ನು ಕಲಿಯಲು ರಾಸ್ಪ್‌ಬೆರಿ ಪೈ ಪಿಕೊ ಒಳ್ಳೆಯ ಬೋರ್ಡ್. 2021ರ ಜನವರಿಯಲ್ಲಿ 4 ಡಾಲರ್ ಬೆಲೆಗೆ ಹೊರಬಂತು. ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನಲ್ಲಿ ವಿಚಾರಿಸಿ, ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಅದರ ಆರ್‌ಪಿ2040 ಚಿಪ್‌ನಲ್ಲಿ ಎರಡು ಆರ್ಮ್ ಕಾರ್ಟೆಕ್ಸ್ ಎಂ0 ಪ್ಲಸ್ ಕೋರ್‌ಗಳೂ 264 ಕೆಬಿ ರ‍್ಯಾಮ್ ಕೂಡ ಇವೆ. ಪ್ರೋಗ್ರಾಂ ಉಳಿಯುವ 2 ಎಂಬಿ ಫ್ಲ್ಯಾಶ್ ಮಾತ್ರ ಪಕ್ಕದ ಇನ್ನೊಂದು ಪುಟ್ಟ ಚಿಪ್‌ನಲ್ಲಿದೆ. ಈ ಬೋರ್ಡ್ ಆರಿಸಿಕೊಳ್ಳಲು ಬೆಲೆಗಿಂತ ದೊಡ್ಡ ಕಾರಣ ಇನ್ನೊಂದಿದೆ. ಎಂಥ ಹಾಳು ಪ್ರೋಗ್ರಾಂ ತುಂಬಿದರೂ ಇದನ್ನು ಮತ್ತೆ ದಾರಿಗೆ ತರಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಲ್ಲಿ ಹೇಳುವುದು ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಕಂಪ್ಯೂಟರ್‌ಗೆ. ಆಜ್ಞೆಗಳನ್ನು ಕನ್ನಡದಲ್ಲಿ ಓದುವ ಹಾಗೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಬೇರೆ ಕಂಪೈಲರ್ ಯಾಕೆ ಬೇಕು?

ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವುದು ಬಹುಶಃ ಇಂಟೆಲ್ ಇಲ್ಲವೇ ಎಎಂಡಿ ಪ್ರೊಸೆಸರ್. ಅದರ ಮಾಮೂಲಿ ಕಂಪೈಲರ್ (ನೀವು ಬರೆದ ಕೋಡನ್ನು ಪ್ರೊಸೆಸರ್‌ನ ಸೂಚನೆಗಳಾಗಿ ಬದಲಿಸುವ ಸಾಫ್ಟ್‌ವೇರ್) ಆದ ಜಿಸಿಸಿ ಕೊಡುವುದು ಆ ಪ್ರೊಸೆಸರ್‌ಗೆ ಅರ್ಥವಾಗುವ ಸೂಚನೆಗಳನ್ನು. ಪಿಕೊಗೆ ಅವು ಏನೂ ಅಲ್ಲ. ಹಾಗಂತ ಪಿಕೊದ ಮೇಲೇ ಕಂಪೈಲರ್ ಓಡಿಸೋಣ ಅಂದರೆ 264 ಕೆಬಿಯಲ್ಲಿ ಜಿಸಿಸಿ ಕಾಲಿಡಲೂ ಜಾಗವಿಲ್ಲ. ಹಾಗಾಗಿ ದೊಡ್ಡ ಯಂತ್ರದಲ್ಲಿ ಕೂತು ಚಿಕ್ಕ ಯಂತ್ರಕ್ಕೆ ಕೋಡ್ ತಯಾರಿಸಬೇಕು. ಇದೇ ಕ್ರಾಸ್ ಕಂಪೈಲ್. ಅಳತೆ ಕೊಟ್ಟರೆ ದರ್ಜಿ ತನ್ನ ಅಂಗಡಿಯಲ್ಲೇ ಅಂಗಿ ಹೊಲಿದುಕೊಡುವ ಹಾಗೆ. ಕಂಪೈಲರ್‌ಗೆ ಬೇಕಾದ ಅಳತೆ ಮುಖ್ಯವಾಗಿ ಎರಡು: ಕೋರ್ ಯಾವುದು, ಮೆಮೊರಿ ಯಾವ ವಿಳಾಸದಿಂದ ಶುರುವಾಗುತ್ತದೆ.

ನಮಗೆ ಬೇಕಾದ ಕಂಪೈಲರ್‌ನ ಹೆಸರು ಆರ್ಮ್-ನನ್-ಇಎಬಿಐ-ಜಿಸಿಸಿ. ನಡುವಿನ ‘ನನ್’ ಗಮನಿಸಿ. ಆ ಕಡೆ ಆಪರೇಟಿಂಗ್ ಸಿಸ್ಟಮ್ ಇಲ್ಲ ಅಂತ ಅದು ಹೇಳುತ್ತಿದೆ. ರಾಸ್ಪ್‌ಬೆರಿ ಪೈ 4ರಂಥ ಲಿನಕ್ಸ್ ಬೋರ್ಡ್‌ಗಳಿಗೆ ಇರುವ ಆರ್ಮ್ ಕಂಪೈಲರ್ ಬೇರೆ, ಅದನ್ನು ಇಲ್ಲಿ ಬಳಸಬೇಡಿ.

ಸಾಮಾನು ಜೋಡಿಸಿಕೊಳ್ಳಿ

ಸುಡೊ ಆಪ್ಟ್ ಇನ್‌ಸ್ಟಾಲ್ ಆಜ್ಞೆಯಿಂದ ಈ ಪ್ಯಾಕೇಜುಗಳನ್ನು ಹಾಕಿಕೊಳ್ಳಿ: ಗಿಟ್ (ಕೋಡ್ ಇಳಿಸಿಕೊಳ್ಳಲು), ಸಿಮೇಕ್ (ಯಾವ ಫೈಲನ್ನು ಹೇಗೆ ಕಂಪೈಲ್ ಮಾಡಬೇಕು ಅಂತ ಸಿದ್ಧತೆ ಮಾಡಲು), ಪೈಥಾನ್3, ಬಿಲ್ಡ್-ಎಸೆನ್ಶಿಯಲ್, ಜಿಸಿಸಿ-ಆರ್ಮ್-ನನ್-ಇಎಬಿಐ, ಲಿಬ್‌ನ್ಯೂಲಿಬ್-ಆರ್ಮ್-ನನ್-ಇಎಬಿಐ, ಲಿಬ್‌ಎಸ್‌ಟಿಡಿಸಿಪ್ಲಸ್‌ಪ್ಲಸ್-ಆರ್ಮ್-ನನ್-ಇಎಬಿಐ-ನ್ಯೂಲಿಬ್. ಕೊನೆಯ ಎರಡನ್ನು ಬಿಟ್ಟುಬಿಡುವವರು ಜಾಸ್ತಿ. ನ್ಯೂಲಿಬ್ ಅಂದರೆ ಆಪರೇಟಿಂಗ್ ಸಿಸ್ಟಮ್ ಇಲ್ಲದ ಚಿಪ್‌ಗಳಿಗೆ ಒಗ್ಗುವ ಸಿ ಲೈಬ್ರರಿ. ಅದು ಇಲ್ಲದಿದ್ದರೆ ‘ನೋಸಿಸ್ ಡಾಟ್ ಸ್ಪೆಕ್ಸ್ ಫೈಲ್ ಓದಲಾಗಲಿಲ್ಲ’ ಅನ್ನುವ ದೂರು ಬರುತ್ತದೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂದಿಂದ ಬರೀ ಕಂಪೈಲರ್ ಹಾಕಿಕೊಂಡವರಿಗೂ ಇದೇ ಕಾಟ. ಅವರು ಜಿಸಿಸಿ-ಆರ್ಮ್-ಎಂಬೆಡೆಡ್ ಎಂಬ ಕ್ಯಾಸ್ಕ್ ಹಾಕಿಕೊಂಡರೆ ಸರಿಹೋಗುತ್ತದೆ.

ಆರ್ಮ್ ಕಂಪೈಲರ್ ಇರುವಾಗ ಲ್ಯಾಪ್‌ಟಾಪ್‌ನ ಮಾಮೂಲಿ ಕಂಪೈಲರ್ ತರುವ ಬಿಲ್ಡ್-ಎಸೆನ್ಶಿಯಲ್ ಯಾಕೆ ಬೇಕು? ಬಿಲ್ಡ್ ಆಗುವಾಗ, ಅಂದರೆ ಕೋಡ್‌ನಿಂದ ಬೋರ್ಡ್‌ಗೆ ಹಾಕುವ ಫೈಲ್ ತಯಾರಾಗುವಾಗ, ಕೆಲವು ಚಿಕ್ಕ ಉಪಕರಣಗಳು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಬೇಕಾಗುತ್ತದೆ. ಅವನ್ನು ಲ್ಯಾಪ್‌ಟಾಪ್‌ನ ಕಂಪೈಲರೇ ಕಟ್ಟಬೇಕು. ಅಂದರೆ ಒಂದೇ ಬಿಲ್ಡ್‌ನಲ್ಲಿ ಎರಡು ಕಂಪೈಲರ್‌ಗಳು ದುಡಿಯುತ್ತವೆ.

ಇನ್ನು ಪಿಕೊ ಎಸ್‌ಡಿಕೆ, ಅಂದರೆ ಪಿಕೊಗೆ ಪ್ರೋಗ್ರಾಂ ಬರೆಯಲು ಬೇಕಾದ ಲೈಬ್ರರಿಗಳ ಕಟ್ಟು. ಗಿಟ್‌ಹಬ್‌ನಲ್ಲಿ ರಾಸ್ಪ್‌ಬೆರಿ ಪೈ ಖಾತೆಯಲ್ಲಿರುವ ಪಿಕೊ-ಎಸ್‌ಡಿಕೆಯನ್ನು ಗಿಟ್ ಕ್ಲೋನ್ ಮಾಡಿ. ಆ ಫೋಲ್ಡರ್‌ ಒಳಗೆ ಹೋಗಿ ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ ಹೈಫನ್ ಹೈಫನ್ ಇನಿಟ್ ಕೊಡಿ. ಯುಎಸ್‌ಬಿಗೆ ಬೇಕಾದ ಟೈನಿಯುಎಸ್‌ಬಿ ಈ ಎರಡನೇ ಹೆಜ್ಜೆಯಲ್ಲೇ ಬರುವುದು. ಆಮೇಲೆ ಎಸ್‌ಡಿಕೆ ಎಲ್ಲಿದೆ ಅಂತ ಪಿಕೊ_ಎಸ್‌ಡಿಕೆ_ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಹೇಳಿ. ಎಲ್ಲಾ ದೊಡ್ಡ ಅಕ್ಷರ, ನಡುವೆ ಅಂಡರ್‌ಸ್ಕೋರ್. ಇದನ್ನು ಬ್ಯಾಶ್‌ಆರ್‌ಸಿ ಫೈಲ್‌ಗೆ ಸೇರಿಸಿಟ್ಟರೆ ಪ್ರತಿ ಸಲ ಟೈಪ್ ಮಾಡುವ ಗೋಳಿಲ್ಲ.

ಪ್ರೋಗ್ರಾಂ ಮತ್ತು ಸಿಮೇಕ್ ಫೈಲ್

ಪ್ರೋಗ್ರಾಂ ಸರಳ. ಪಿಕೊದ ಎಲ್‌ಇಡಿ 25ನೇ ಜಿಪಿಐಒಗೆ (ಪ್ರೋಗ್ರಾಂನಿಂದ ಆನ್-ಆಫ್ ಮಾಡಬಹುದಾದ ಚಿಪ್‌ನ ಕಾಲು) ಸೇರಿಕೊಂಡಿದೆ. ಅದನ್ನು ಜಿಪಿಐಒ_ಇನಿಟ್‌ನಿಂದ ಎಬ್ಬಿಸಿ, ಜಿಪಿಐಒ_ಸೆಟ್_ಡಿರ್‌ನಿಂದ ಔಟ್‌ಪುಟ್ ಮಾಡಿ. ಮುಗಿಯದ ಒಂದು ವೈಲ್ ಲೂಪ್‌ನಲ್ಲಿ ಜಿಪಿಐಒ_ಪುಟ್‌ನಿಂದ 1, ನಂತರ 0. ಎರಡರಲ್ಲಿ ಪ್ರತಿಯೊಂದರ ನಂತರವೂ ಸ್ಲೀಪ್_ಎಂಎಸ್ 250, ಅಂದರೆ 250 ಮಿಲಿಸೆಕೆಂಡ್ ವಿರಾಮ. ಲೂಪ್ ಮುಗಿಯಬಾರದು, ಯಾಕೆಂದರೆ ಮೇನ್ ಮುಗಿದ ಮೇಲೆ ಮುಂದೇನು ಅಂತ ಹೇಳಲು ಅಲ್ಲಿ ಆಪರೇಟಿಂಗ್ ಸಿಸ್ಟಮ್ ಇಲ್ಲವಲ್ಲ.

ವೈಫೈ ಇರುವ ಪಿಕೊ ಡಬ್ಲ್ಯೂ ಇದ್ದವರಿಗೆ ಒಂದು ಮಾತು. ಅದರಲ್ಲಿ ಎಲ್‌ಇಡಿ ವೈಫೈ ಚಿಪ್‌ನ ಕಾಲಿಗೆ ಸೇರಿದೆ. ಮೇಲಿನ ಪ್ರೋಗ್ರಾಂ ಅಲ್ಲಿ ತಪ್ಪಿಲ್ಲದೆ ಓಡಿದರೂ ಬೆಳಕು ಬರುವುದಿಲ್ಲ. ಆ ವೈಫೈ ಚಿಪ್‌ನ ಸಿವೈಡಬ್ಲ್ಯೂ43 ಲೈಬ್ರರಿ ಮೂಲಕವೇ ಹೋಗಬೇಕು.

ನಿಜವಾದ ತೊಡಕು ಸಿಮೇಕ್‌ಲಿಸ್ಟ್ಸ್ ಫೈಲ್‌ನಲ್ಲಿದೆ. ಅಲ್ಲಿ ಸಾಲುಗಳ ಕ್ರಮ ಮುಖ್ಯ. ಎಸ್‌ಡಿಕೆಯ ಎಕ್ಸ್‌ಟರ್ನಲ್ ಫೋಲ್ಡರ್‌ನಿಂದ ಪಿಕೊ_ಎಸ್‌ಡಿಕೆ_ಇಂಪೋರ್ಟ್ ಡಾಟ್ ಸಿಮೇಕ್ ಫೈಲನ್ನು ನಿಮ್ಮ ಪ್ರಾಜೆಕ್ಟ್‌ಗೆ ಕಾಪಿ ಮಾಡಿ. ಅದನ್ನು ಸೇರಿಸುವ ಇನ್‌ಕ್ಲೂಡ್ ಸಾಲು, ಪ್ರಾಜೆಕ್ಟ್ ಎಂಬ ಸಾಲಿಗಿಂತ ಮೊದಲು ಬರಲೇಬೇಕು. ಸಿಮೇಕ್ ತನ್ನ ಕಂಪೈಲರನ್ನು ಗಟ್ಟಿ ಮಾಡಿಕೊಳ್ಳುವುದು ಪ್ರಾಜೆಕ್ಟ್ ಸಾಲು ಓದುವಾಗ. ಅಷ್ಟರೊಳಗೆ ‘ಆರ್ಮ್ ಕಂಪೈಲರ್ ತಗೋ’ ಅಂತ ಯಾರೂ ಹೇಳದಿದ್ದರೆ ಅದು ಸುಮ್ನೆ ಲ್ಯಾಪ್‌ಟಾಪ್‌ನ ಕಂಪೈಲರನ್ನೇ ಹಿಡಿದು ಕೂರುತ್ತದೆ. ಆಮೇಲೆ ಬರುವ ಎರರ್‌ಗಳಿಗೂ ಈ ತಪ್ಪಿಗೂ ಸಂಬಂಧವೇ ಇಲ್ಲದಂತೆ ಕಾಣುತ್ತದೆ. ಹೊಸಬರು ಸೋತು ಕೈಬಿಡುವ ಜಾಗ ಇದೇ ಅಂತ ನನ್ನ ಅನಿಸಿಕೆ.

ಉಳಿದ ಸಾಲುಗಳು ಹೀಗೆ: ಪ್ರಾಜೆಕ್ಟ್ ಸಾಲಿನಲ್ಲಿ ಸಿ, ಸಿಎಕ್ಸ್‌ಎಕ್ಸ್, ಎಎಸ್‌ಎಂ ಮೂರೂ ಭಾಷೆಗಳು. ನಂತರ ಪಿಕೊ_ಎಸ್‌ಡಿಕೆ_ಇನಿಟ್. ಆಡ್_ಎಕ್ಸಿಕ್ಯೂಟಬಲ್‌ನಲ್ಲಿ ನಿಮ್ಮ ಸಿ ಫೈಲ್. ಟಾರ್ಗೆಟ್_ಲಿಂಕ್_ಲೈಬ್ರರೀಸ್‌ನಲ್ಲಿ ಪಿಕೊ_ಎಸ್‌ಟಿಡಿಲಿಬ್. ಕೊನೆಗೆ ಪಿಕೊ_ಆಡ್_ಎಕ್ಸ್‌ಟ್ರಾ_ಔಟ್‌ಪುಟ್ಸ್. ಇದನ್ನು ಮರೆತರೆ ಬಿಲ್ಡ್ ಚೆನ್ನಾಗೇ ಮುಗಿಯುತ್ತದೆ, ಆದರೆ ಬೋರ್ಡ್‌ಗೆ ಹಾಕುವ ಯುಎಫ್2 ಫೈಲ್ ಮಾತ್ರ ಎಲ್ಲೂ ಕಾಣುವುದಿಲ್ಲ.

ಬಿಲ್ಡ್

ಪ್ರಾಜೆಕ್ಟ್ ಒಳಗೆ ಬಿಲ್ಡ್ ಎಂಬ ಫೋಲ್ಡರ್ ಮಾಡಿ, ಅದರೊಳಗೆ ಹೋಗಿ. ಸಿಮೇಕ್ ಅಂತ ಬರೆದು, ಒಂದು ಜಾಗ ಬಿಟ್ಟು ಎರಡು ಚುಕ್ಕಿ ಇಟ್ಟು ಎಂಟರ್ ಒತ್ತಿ. ತೆರೆಯ ಮೇಲೆ ಹರಿಯುವ ಸಾಲುಗಳಲ್ಲಿ ಸಿ ಕಂಪೈಲರ್ ಯಾವುದು ಅಂತ ಬಂದಿರುತ್ತದೆ. ಆ ದಾರಿಯ ಕೊನೆಗೆ ಆರ್ಮ್-ನನ್-ಇಎಬಿಐ-ಜಿಸಿಸಿ ಇದ್ದರೆ ಸರಿ. ಬರೀ ಸಿಸಿ ಅಂತಿದ್ದರೆ ಅಲ್ಲೇ ನಿಲ್ಲಿ, ಸಾಲುಗಳ ಕ್ರಮ ನೋಡಿ. ಸರಿಯಿದ್ದರೆ ಮೇಕ್ ಹೈಫನ್ ಜೆ4.

ಬೋರ್ಡ್ ಬೇರೆಯಾದರೆ ಸಿಮೇಕ್‌ಗೆ ಪಿಕೊ_ಬೋರ್ಡ್ ಎಂಬ ಆಯ್ಕೆ ಕೊಡಬೇಕು: ಪಿಕೊ, ಪಿಕೊ_ಡಬ್ಲ್ಯೂ ಅಥವಾ ಪಿಕೊ2. ಬೋರ್ಡ್ ಬದಲಿಸಿದಾಗ ಹಳೆಯ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ. ಸಿಮೇಕ್ ಹಳೆಯದನ್ನು ನೆನಪಿಟ್ಟುಕೊಂಡಿರುತ್ತದೆ.

ಬೋರ್ಡ್‌ಗೆ ಹಾಕುವ ಮೊದಲು ಎರಡು ಪರೀಕ್ಷೆ ಮಾಡಿ. ಈಗ ತಯಾರಾದ ಡಾಟ್ ಇಎಲ್‌ಎಫ್ ಫೈಲ್ ಮೇಲೆ ಲಿನಕ್ಸ್‌ನ ‘ಫೈಲ್’ ಆಜ್ಞೆ ಓಡಿಸಿ. 32 ಬಿಟ್, ಆರ್ಮ್ ಅಂತ ಬರಬೇಕು. ನಂತರ ಆರ್ಮ್-ನನ್-ಇಎಬಿಐ-ಸೈಜ್ ಓಡಿಸಿ. ಟೆಕ್ಸ್ಟ್ (ಕೋಡ್), ಡೇಟಾ (ಆರಂಭದ ಬೆಲೆ ಕೊಟ್ಟ ವೇರಿಯಬಲ್‌ಗಳು), ಬಿಎಸ್‌ಎಸ್ (ಸೊನ್ನೆಯಿಂದ ಶುರುವಾಗುವ ವೇರಿಯಬಲ್‌ಗಳು) ಎಂಬ ಮೂರು ಅಂಕಿಗಳು ಬರುತ್ತವೆ. ಟೆಕ್ಸ್ಟ್ ಮತ್ತು ಡೇಟಾ ಕೂಡಿದರೆ ಫ್ಲ್ಯಾಶ್‌ನಲ್ಲಿ ಹಿಡಿಯುವ ಜಾಗ. ಡೇಟಾ ಮತ್ತು ಬಿಎಸ್‌ಎಸ್ ಕೂಡಿದರೆ ರ‍್ಯಾಮ್‌ನಲ್ಲಿ ಹಿಡಿಯುವ ಜಾಗ. ಡೇಟಾ ಎರಡೂ ಕಡೆ ಲೆಕ್ಕಕ್ಕೆ ಬರುವುದು ಯಾಕೆ ಗೊತ್ತಾ? ವೇರಿಯಬಲ್‌ಗಳ ಆರಂಭದ ಬೆಲೆಗಳು ಫ್ಲ್ಯಾಶ್‌ನಲ್ಲಿ ಕೂತಿರುತ್ತವೆ, ಕರೆಂಟ್ ಬಂದ ಕೂಡಲೇ ರ‍್ಯಾಮ್‌ಗೆ ಕಾಪಿ ಆಗುತ್ತವೆ.

ಫ್ಲ್ಯಾಶ್ ಮಾಡುವುದು

ಬೋರ್ಡ್‌ನಲ್ಲಿರುವ ಒಂದೇ ಒಂದು ಬಟನ್ ಬೂಟ್‌ಸೆಲ್. ಅದನ್ನು ಒತ್ತಿ ಹಿಡಿದೇ ಯುಎಸ್‌ಬಿ ಚುಚ್ಚಿ, ಆಮೇಲೆ ಬೆರಳು ಬಿಡಿ. ಆರ್‌ಪಿಐ-ಆರ್‌ಪಿ2 ಎಂಬ ಡ್ರೈವ್ ತೆರೆದುಕೊಳ್ಳುತ್ತದೆ. ಯುಎಫ್2 ಫೈಲನ್ನು ಅದಕ್ಕೆ ಎಳೆದು ಹಾಕಿ. ಡ್ರೈವ್ ತಾನೇ ಮಾಯವಾಗುತ್ತದೆ, ಎಲ್‌ಇಡಿ ಮಿನುಗುತ್ತದೆ. ‘ಡಿಸ್ಕನ್ನು ಸರಿಯಾಗಿ ತೆಗೆದಿಲ್ಲ’ ಅಂತ ಕಂಪ್ಯೂಟರ್ ಗೊಣಗಿದರೆ ಗಾಬರಿ ಬೇಡ. ಕೊನೆಯ ತುಂಡು ಸೇರಿದೊಡನೆ ಬೋರ್ಡ್ ರೀಬೂಟ್ ಆಗಿದೆ, ಅಷ್ಟೇ.

ಆ ಡ್ರೈವ್ ಬರೀ ನಾಟಕ. ಗಾತ್ರ 128 ಎಂಬಿ ಅಂತ ತೋರಿಸುತ್ತದೆ, ಬೋರ್ಡ್‌ನಲ್ಲಿರುವುದು 2 ಎಂಬಿ ಅಲ್ವಾ! ಚಿಪ್‌ ಒಳಗಿನ ಬೂಟ್ ರಾಮ್ (ROM, ಚಿಪ್ ಶುರುವಾಗುವಾಗ ಓಡುವ, ಬದಲಿಸಲಾಗದ ಕೋಡ್) ಒಂದು ಡಿಸ್ಕ್ ಇರುವಂತೆ ನಟಿಸುತ್ತಾ, ಬಂದ ತುಂಡುಗಳಲ್ಲಿ ಯುಎಫ್2 ಗುರುತು ಇರುವುದನ್ನಷ್ಟೇ ಹೆಕ್ಕಿಕೊಳ್ಳುತ್ತದೆ. ಯುಎಫ್2 ಅನ್ನು ರೂಪಿಸಿದ್ದು ಮೈಕ್ರೋಸಾಫ್ಟ್, ಪ್ರೋಗ್ರಾಮಿಂಗ್ ಕಲಿಸುವ ತನ್ನ ಮೇಕ್‌ಕೋಡ್‌ಗಾಗಿ. ಫೈಲ್ ಪೂರ್ತಿ 512 ಬೈಟ್‌ಗಳ ತುಂಡುಗಳು. ‘ನನ್ನನ್ನು ಫ್ಲ್ಯಾಶ್‌ನ ಇಂಥ ವಿಳಾಸಕ್ಕೆ ಬರೆ, ನಾನು ಇಂಥ ಜಾತಿಯ ಚಿಪ್‌ಗೆ ಸೇರಿದವನು’ ಅಂತ ಪ್ರತಿ ತುಂಡಿನಲ್ಲೂ ಬರೆದಿರುತ್ತದೆ. ಆದ್ದರಿಂದ ಆಪರೇಟಿಂಗ್ ಸಿಸ್ಟಮ್ ತುಂಡುಗಳನ್ನು ಹಿಂದೆ ಮುಂದೆ ಕಳಿಸಿದರೂ ನಡೆಯುತ್ತದೆ. ನಮ್ಮ ಫೈಲ್‌ನಲ್ಲಿ ಒಂದು ತುಂಡಿಗೆ ಅಸಲಿ ಕೋಡ್ 256 ಬೈಟ್ ಮಾತ್ರ. ಯುಎಫ್2 ಫೈಲ್, ಬರೀ ಕೋಡ್ ಇರುವ ಡಾಟ್ ಬಿನ್ ಫೈಲ್‌ನ ಸುಮಾರು ಎರಡರಷ್ಟು ದೊಡ್ಡದಿರುವುದು ಇದಕ್ಕೇ. ಪಿಕೊ 2ರ ಚಿಪ್ ಜಾತಿ ಬೇರೆ. ಮೊದಲ ಪಿಕೊಗೆ ಕಟ್ಟಿದ ಫೈಲನ್ನು ಅದು ಒಪ್ಪುವುದಿಲ್ಲ.

ಈಗ, ಬೋರ್ಡ್ ಯಾಕೆ ಸಾಯುವುದಿಲ್ಲ ಅನ್ನುವ ವಿಷಯ. ಕರೆಂಟ್ ಬಂದಾಗ ಮೊದಲು ಓಡುವುದು ಚಿಪ್‌ನಲ್ಲೇ ಅಚ್ಚಾಗಿರುವ 16 ಕೆಬಿ ಬೂಟ್ ರಾಮ್. ಅದನ್ನು ಯಾರೂ ಅಳಿಸಲಾಗದು. ಅದು ಬೂಟ್‌ಸೆಲ್ ಒತ್ತಿದೆಯಾ ಅಂತ ನೋಡುತ್ತದೆ. ಒತ್ತಿದ್ದರೆ ಡ್ರೈವ್ ತೋರಿಸುತ್ತದೆ. ಇಲ್ಲದಿದ್ದರೆ ಫ್ಲ್ಯಾಶ್‌ನ ಮೊದಲ 256 ಬೈಟ್ ಓದಿ, ಕೊನೆಯ ನಾಲ್ಕು ಬೈಟ್‌ಗಳಲ್ಲಿರುವ ಚೆಕ್‌ಸಮ್ (ಉಳಿದ ಬೈಟ್‌ಗಳು ಕೆಟ್ಟಿಲ್ಲ ಅಂತ ಖಚಿತಪಡಿಸುವ ಲೆಕ್ಕದ ಅಂಕಿ) ತಾಳೆ ನೋಡುತ್ತದೆ. ತಾಳೆಯಾದರೆ ಆ ಪುಟ್ಟ ಕೋಡ್‌ಗೆ ಕೆಲಸ ಒಪ್ಪಿಸುತ್ತದೆ. ಅದು ಫ್ಲ್ಯಾಶ್ ಚಿಪ್ ವೇಗವಾಗಿ ಓದಲು ಸಿಗುವಂತೆ ಮಾಡಿ ನಿಮ್ಮ ಪ್ರೋಗ್ರಾಂಗೆ ಜಿಗಿಯುತ್ತದೆ. ಚೆಕ್‌ಸಮ್ ತಪ್ಪಿದರೆ ಮತ್ತೆ ಡ್ರೈವ್. ಆರ್ಡುಯಿನೊ ಊನೊದಲ್ಲಿ ಹೀಗಲ್ಲ. ಅಲ್ಲಿ ಬೂಟ್‌ಲೋಡರ್ ಇರುವುದು ನಿಮ್ಮ ಪ್ರೋಗ್ರಾಂ ಇರುವ ಫ್ಲ್ಯಾಶ್‌ನಲ್ಲೇ. ಅದು ಅಳಿದುಹೋದರೆ ಬೇರೆ ಪ್ರೋಗ್ರಾಮರ್ ಸಾಧನ ತಂದು ಮತ್ತೆ ತುಂಬಬೇಕು. ಹಾಂ, ಪಿಕೊ ಸಾಯುವುದಿಲ್ಲ ಅಂದಿದ್ದು ಸಾಫ್ಟ್‌ವೇರ್ ಮಟ್ಟಿಗೆ. ಜಿಪಿಐಒ ಕಾಲುಗಳು 3.3 ವೋಲ್ಟ್‌ನವು, 5 ವೋಲ್ಟ್ ಕೊಟ್ಟರೆ ಸುಟ್ಟಾವು.

ಡ್ರೈವ್ ಬರದಿದ್ದರೆ

ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಉಳಿದೆಲ್ಲ ಅನುಮಾನ ಇದಾದ ಮೇಲೆ.

ಪದೇ ಪದೇ ಕೇಬಲ್ ಕಿತ್ತು ಚುಚ್ಚುವುದು ಬೇಜಾರಾದರೆ 30ನೇ ಪಿನ್ ರನ್ ಮತ್ತು 28ನೇ ಪಿನ್ ಗ್ರೌಂಡ್ ನಡುವೆ ಒಂದು ಪುಶ್ ಬಟನ್ ಹಾಕಿ. ಅದೇ ನಿಮ್ಮ ರೀಸೆಟ್. ಬೂಟ್‌ಸೆಲ್ ಹಿಡಿದುಕೊಂಡು ಅದನ್ನು ಒತ್ತಿ ಬಿಟ್ಟರೆ ಡ್ರೈವ್ ಬರುತ್ತದೆ.

ಇನ್ನೂ ಸಲೀಸಾದ ದಾರಿ ಪಿಕೊಟೂಲ್, ಅಂದರೆ ಲ್ಯಾಪ್‌ಟಾಪ್‌ನಿಂದಲೇ ಬೋರ್ಡ್ ಜೊತೆ ಮಾತಾಡುವ ಆಜ್ಞೆ. ‘ಪಿಕೊಟೂಲ್ ಲೋಡ್’ಗೆ ಹೈಫನ್ ಎಫ್ ಸೇರಿಸಿದರೆ ಓಡುತ್ತಿರುವ ಬೋರ್ಡನ್ನು ಅದೇ ಬೂಟ್ ಸ್ಥಿತಿಗೆ ತಂದು ಫೈಲ್ ತುಂಬುತ್ತದೆ, ಬಟನ್ ಮುಟ್ಟಬೇಕಿಲ್ಲ. ಇದಕ್ಕೆ ನಿಮ್ಮ ಪ್ರೋಗ್ರಾಂನಲ್ಲಿ ಯುಎಸ್‌ಬಿ ಸೀರಿಯಲ್ ಚಾಲೂ ಇರಬೇಕು. ಸಿಮೇಕ್ ಫೈಲ್‌ನಲ್ಲಿ ಪಿಕೊ_ಎನೇಬಲ್_ಎಸ್‌ಟಿಡಿಐಒ_ಯುಎಸ್‌ಬಿ ಸಾಲನ್ನು 1 ಮಾಡಿ, ಮೇನ್‌ನ ಮೊದಲಿಗೆ ಎಸ್‌ಟಿಡಿಐಒ_ಇನಿಟ್_ಆಲ್ ಕರೆಯಿರಿ. ಆಗ ಪ್ರಿಂಟ್‌ಎಫ್ ಬರೆದದ್ದೂ ಟಿಟಿವೈಎಸಿಎಂ0 ಪೋರ್ಟ್‌ನಲ್ಲಿ ಕಾಣುತ್ತದೆ. ಅನುಮತಿ ಇಲ್ಲ ಅಂದರೆ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಇಲ್ಲೊಂದು ಗೊಂದಲವಿದೆ. ಎಸ್‌ಡಿಕೆ 2.0ರಿಂದ ಈಚೆಗೆ ಬಿಲ್ಡ್ ಸಮಯದಲ್ಲೇ ಒಂದು ಪಿಕೊಟೂಲ್ ತಾನಾಗಿ ತಯಾರಾಗುತ್ತದೆ. ಆದರೆ ಅದು ಯುಎಫ್2 ಫೈಲ್ ಮಾಡಿಕೊಡಲು ಮಾತ್ರ. ಅದರಲ್ಲಿ ಯುಎಸ್‌ಬಿ ಬೆಂಬಲ ಇರುವುದಿಲ್ಲ. ಬೋರ್ಡ್ ಜೊತೆ ಮಾತಾಡಬೇಕಾದರೆ ಲಿಬ್‌ಯುಎಸ್‌ಬಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಂಡು ಪಿಕೊಟೂಲನ್ನು ಪ್ರತ್ಯೇಕವಾಗಿ ಕಟ್ಟಿ ಇನ್‌ಸ್ಟಾಲ್ ಮಾಡಿ.

ಪ್ರೋಗ್ರಾಂ ದೊಡ್ಡದಾಗಿ, ಎಲ್ಲೋ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತಿದೆ ಅಂದರೆ ಪ್ರಿಂಟ್‌ಎಫ್ ಸಾಲದು. ಬೋರ್ಡ್‌ನ ಅಂಚಿನಲ್ಲಿ ಡಿಬಗ್‌ಗೆಂದೇ (ತಪ್ಪು ಹುಡುಕಲು) ಮೂರು ಪಿನ್‌ಗಳಿವೆ: ಎಸ್‌ಡಬ್ಲ್ಯೂಸಿಎಲ್‌ಕೆ, ಗ್ರೌಂಡ್, ಎಸ್‌ಡಬ್ಲ್ಯೂಡಿಐಒ. ಅದಕ್ಕೆ ರಾಸ್ಪ್‌ಬೆರಿ ಪೈ ಡಿಬಗ್ ಪ್ರೋಬ್ ಸೇರಿಸಬಹುದು. ಇನ್ನೊಂದು ಪಿಕೊ ಇದ್ದರೆ ಪ್ರೋಬ್ ಕೊಳ್ಳುವ ಅಗತ್ಯವೂ ಇಲ್ಲ. ಡಿಬಗ್‌ಪ್ರೋಬ್ ಫರ್ಮ್‌ವೇರ್‌ನ ಯುಎಫ್2 ಫೈಲನ್ನು ಅದಕ್ಕೆ ಎಳೆದು ಹಾಕಿ. ಮೊದಲ ಪಿಕೊದ ಒಳಗನ್ನು ಎರಡನೆಯದು ಸಾಲು ಸಾಲಾಗಿ ತೋರಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಓಪನ್‌ಒಸಿಡಿ (ಪ್ರೋಬ್ ಜೊತೆ ಮಾತಾಡುವ ಸಾಫ್ಟ್‌ವೇರ್) ಮತ್ತು ಜಿಡಿಬಿ (ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡುವ ಡಿಬಗರ್) ಬೇಕು. ಈ ದಾರಿಯಲ್ಲಿ ತುಂಬುವುದು ಯುಎಫ್2 ಅಲ್ಲ, ಇಎಲ್‌ಎಫ್ ಫೈಲ್.